ಮಾವನ ಹಿಟ್ಟಿನ ಕಪಾಟಿನಲ್ಲಿ ಸಿಡಿಮದ್ದು ತಿನ್ನುವವರು

ನನ್ನ ಪಿಎಚ್‌ಡಿ ಗೈಡ್ ಇನ್‌ಕ್ಯುಬೇಟರ್ ಬಾಗಿಲು ತೆಗೆಯೋ ಮುಂಚೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾರೆ. ಒಳಗೆ ಬೆಚ್ಚಗಿರೋದು ಬರೀ ಬ್ಯಾಕ್ಟೀರಿಯಾ. ಮಣ್ಣಿಗೆ, ಅಂತರ್ಜಲಕ್ಕೆ ಇಳಿದ ಸಿಡಿಮದ್ದಿನ ವಿಷವನ್ನು ತಿಂದು ಮುಗಿಸುವಂಥವು. ದೆಹಲಿಯ ಹೌಜ್ ಖಾಸ್‌ನ ಈ ಲ್ಯಾಬಿಗೆ ಸೇರಿ ವರ್ಷವಾದ ಮೇಲೆ ಧೈರ್ಯ ಮಾಡಿ ಕೇಳಿದೆ, "ಸರ್, ಯಾಕೆ ತಟ್ಟೋದು?"

"ಊಟ ಮಾಡ್ತಿರ್ತಾವೆ ಬೇಟಾ. ಹಾಗೇ ನುಗ್ಗಬಾರದು."

ಇಂಥ ಕಡೆ ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಈ ಜನವರಿಯಲ್ಲಂತೂ ಅದು ಸಾಲುಗಟ್ಟಿ ಬಂತು.

ಪಕ್ಕದ ಲ್ಯಾಬು

ಚಳಿ ಕೊರೆಯುತ್ತಿದ್ದ ಶನಿವಾರ ಇನ್‌ಕ್ಯುಬೇಟರ್ ಕೆಟ್ಟಿತು. ರಿಪೇರಿಯವನು ಬರೋದು ಸೋಮವಾರ. ಅಷ್ಟರವರೆಗೆ ಬ್ಯಾಕ್ಟೀರಿಯಾದ ಬಾಟಲಿ ಬೆಚ್ಚಗಿರದಿದ್ದರೆ ನನ್ನ ಎರಡು ವರ್ಷದ ಕೆಲಸ ಸತ್ತಂತೆ. ಬಾಟಲಿ ಹಿಡಿದು, ಜಾಗ ಕೇಳೋಕೆ ಪಕ್ಕದ ಲ್ಯಾಬಿನ ಮೇಡಂ ಹತ್ತಿರ ಹೋದೆ.

"ಏನು ತಿನ್ನುತ್ತೆ ಇದು?"

"ಟಿಎನ್‌ಟಿ, ಮೇಡಂ. ಸಿಡಿಮದ್ದು."

"ಅಯ್ಯೋ, ನಮ್ಮ ಇನ್‌ಕ್ಯುಬೇಟರ್ ಪೂರ್ತಿ ಫುಲ್ಲು!"

ಅವರ ಬೆನ್ನ ಹಿಂದೆ, ಅದರ ಗಾಜಿನ ಬಾಗಿಲಿನೊಳಗೆ, ಒಂದೇ ಒಂದು ಟಿಫಿನ್ ಬಾಕ್ಸ್ ಬೆಚ್ಚಗೆ ಕೂತಿತ್ತು.

ಮೆಟ್ರೋ

ಊರಿನ ಇನ್ನೊಂದು ತುದಿಯ ರೋಹಿಣಿಯಲ್ಲಿ ನನ್ನ ಸೋದರಮಾವನ ಹೋಟೆಲಿದೆ. ದೆಹಲಿಯ ಚಳಿಗೆ ದೋಸೆ ಹಿಟ್ಟು ಉಬ್ಬಲ್ಲ ಅಂತ ಅವರು ಒಳಗೆ ಬಲ್ಬು ಹಾಕಿದ ಮರದ ಕಪಾಟು ಮಾಡಿಸಿದ್ದಾರೆ. ಬಾಟಲಿಯನ್ನು ಸ್ಟೀಲ್ ಡಬ್ಬಿಯೊಳಗೆ ಭದ್ರ ಮಾಡಿ ಹೊರಟೆ.

ಮೆಟ್ರೋ ಚೆಕಿಂಗ್‌ನ ಸೆಕ್ಯುರಿಟಿ ದೀದಿ ಡಬ್ಬಿ ತಡೆದು ಕೇಳಿದರು, "ಏನಿದು?"

ನನಗೆ ಸುಳ್ಳು ಹೇಳಲಿಕ್ಕೆ ಬಾಯಿ ಬರಲ್ಲ. "ಸಿಡಿಮದ್ದು ತಿನ್ನೋ ಬ್ಯಾಕ್ಟೀರಿಯಾ."

"ಸಿಡಿಮದ್ದು ಎಲ್ಲಿ?"

"ತಿಂದಾಯ್ತು ದೀದಿ."

ಹಿಂದಿದ್ದ ಕ್ಯೂ ಇನ್ನೂ ಹಿಂದಕ್ಕೆ ಹೋಯಿತು. ಗಾಬರಿಯಲ್ಲಿ ಸರ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಇವರಿಗೆ ಸ್ವಲ್ಪ ಹೇಳಿ ಸರ್ ಅಂದೆ. ಗಾಳಿ ತಾಗಿದರೆ ಈ ಬ್ಯಾಕ್ಟೀರಿಯಾ ಸಾಯುತ್ತವೆ; ಬಾಟಲಿಯೊಳಗೆ ಅದು ಸೇರೀತು ಅನ್ನೋದೊಂದೇ ಅವರ ಚಿಂತೆ. ಕಿರುಚಿದರು: "ಮೇಡಂ, ದಯವಿಟ್ಟು ಅದನ್ನ ಅಲ್ಲಾಡಿಸಬೇಡಿ!"

ಆಟೋದಲ್ಲೇ ಹೋದೆ.

ಕಪಾಟು

ವಿಷಯ ಹೇಳಿದ್ದೇ ತಡ, ಮಾವ ಹಿಟ್ಟಿನ ಪಾತ್ರೆಗಳನ್ನೆಲ್ಲ ಹೊರಗಿಟ್ಟು ಇಡೀ ಕಪಾಟನ್ನು ನನಗೆ ಬಿಟ್ಟರು. "ನಿನ್ನ ಹುಳ ಬದುಕಲಿ ಪುಟ್ಟಿ. ಹಿಟ್ಟಿಗೆ ಒಂದು ರಜಾಯಿ ಹೊದಿಸಿದ್ರಾಯ್ತು."

ಭಾನುವಾರ ಬೆಳಿಗ್ಗೆ ಓಡಿಹೋಗಿ ಡಬ್ಬಿ ತೆಗೆದೆ. ಬಾಟಲಿಯೊಳಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಬದುಕಿದ್ದವು! ಅಳುವೇ ಬಂತು.

ಮಾವ ನನ್ನ ಬಾಟಲಿ ನೋಡಿದರು. ರಜಾಯಿ ಎತ್ತಿ ತಮ್ಮ ಹಿಟ್ಟು ನೋಡಿದರು. ಅದು ರಾತ್ರಿ ಹೇಗೆ ಮಲಗಿತ್ತೋ ಹಾಗೇ ಮಲಗಿತ್ತು. ಹೊರಗೆ ಆಗಲೇ ಯಾರೋ, "ಭಯ್ಯಾ, ಮಸಾಲೆ ದೋಸೆ ಎಷ್ಟೊತ್ತು?" ಅಂತ ಕೂಗುತ್ತಿದ್ದರು.

ಅಡುಗೆಯವರಿಗೆ ಕೇಳಿಸದ ಹಾಗೆ ಮಾವ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಪುಟ್ಟಿ, ನಿಂದು ನೋಡೆ ಹೇಗೆ ಕುಣೀತಿದೆ. ಒಂದೇ ಒಂದು ಚಮಚ ಇದಕ್ಕೆ ಹಾಕು. ನಿಮ್ಮ ಸರ್‌ಗೆ ನಾನು ಹೇಳಲ್ಲ."