ಕೊನೆಯ ಓವರಿಗೊಂದು ಟಿವಿ

ಬೇರೆಯವರ ಮನೆಗೆ ಹೊಸ ಸಾಮಾನು ಬಂದರೆ ಸಾಮಾನು ಬಂತು ಅಂತ ಅರ್ಥ. ನಮ್ಮ ಮನೆಗೆ ಬಂದರೆ ಒಂದು ರಾಮಾಯಣ ಬಂತು ಅಂತಲೇ ಅರ್ಥ. ಸೋಫಾ ಬಂದಾಗ ಅದರ ಮೇಲೆ ಯಾರು ಕೂತರೆ ಮೈಲಿಗೆ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಸೋಫಾ ಹರಿದಿತ್ತು. ಆದರೆ ಮಲಗುವ ಕೋಣೆಗೆ ಚಪ್ಪಟೆ ಟಿವಿ ತಂದಾಗ ಆದಷ್ಟು ಇನ್ಯಾವುದಕ್ಕೂ ಆಗಲಿಲ್ಲ.

ನಾವು ಮೂರು ತಲೆಮಾರಿನಿಂದ ಮದರಾಸಿನ ತಿರುವಲ್ಲಿಕೇಣಿಯವರು. ಅಮ್ಮನ ಕನ್ನಡದಲ್ಲಿ ಅರ್ಧ ತಮಿಳು. ಹೆಂಡತಿ ಮೈಸೂರಿನವಳು, ಮದುವೆಯಾಗಿ ಹದಿನೈದು ವರ್ಷವಾದರೂ ತರಕಾರಿಯವನ ಹತ್ತಿರ ಕನ್ನಡದಲ್ಲೇ ಜಗಳ ಮಾಡಿ ಗೆದ್ದು ಬರುತ್ತಾಳೆ. ಮಗಳಿಗೆ ಎರಡೂ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಸಿಟ್ಟು ಬಂದರೆ ಇಂಗ್ಲಿಷಿನಲ್ಲಿ. ನಾನು ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಮನೆಯಲ್ಲಿ ಆ ಕೆಲಸ ಅಮ್ಮನದು.

ನನಗೆ ಬೇಕಾಗಿದ್ದದ್ದು ಒಂದೇ. ನನ್ನ ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು ಒಂದು ಕ್ರಿಕೆಟ್ ಪಂದ್ಯದ ಕೊನೆಯ ಓವರನ್ನು ನೋಡುವುದು. ನಗಬೇಡಿ. ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಹಾಲ್‌ನಲ್ಲಿರುವ ಟಿವಿ ಅಮ್ಮನ ತಮಿಳು ಸೀರಿಯಲ್‌ಗಳದ್ದು. ಎಷ್ಟೋ ವರ್ಷ ನನಗೆ ಪಂದ್ಯದ ಫಲಿತಾಂಶ ತಿಳಿಯುತ್ತಿದ್ದದ್ದು ಕಿವಿಯಿಂದ. ಬೀದಿಯಲ್ಲಿ ಪಟಾಕಿ ಹೊಡೆದರೆ ಗೆದ್ದೆವು, ಹೊಡೆಯದಿದ್ದರೆ ಸೋತೆವು.

ರಿಮೋಟಿಗೆ ಸ್ನಾನ

ಒಂದು ಸಂಜೆ ಮಗಳು ಮೊಸರನ್ನ ತಿನ್ನುತ್ತಿದ್ದ ಕೈಯಲ್ಲೇ ರಿಮೋಟ್ ಮುಟ್ಟಿಬಿಟ್ಟಳು. "ಎಂಜಲು!" ಎಂದು ಅಮ್ಮ ಕೂಗಿದಳು. ಮಗಳು ಲಂಗಕ್ಕೆ ಒರೆಸಿ ಇಟ್ಟಳು. ಒರೆಸಿದರೆ ಎಂಜಲು ಹೋಗುತ್ತದೆಯೇ? ನಾನು ಕಾರ್ಖಾನೆಯಿಂದ ಬರುವಷ್ಟರಲ್ಲಿ ರಿಮೋಟು ಅಡುಗೆಮನೆಯ ನಲ್ಲಿಯ ಕೆಳಗೆ ಸ್ನಾನ ಮುಗಿಸಿಕೊಂಡು, ತೊಳೆದ ಲೋಟಗಳ ಸಾಲಿನಲ್ಲಿ ಬೋರಲು ಮಲಗಿತ್ತು.

ಮಾರನೆಯ ದಿನ ಅದನ್ನು ಎಲೆಕ್ಟ್ರಾನಿಕ್ ಅಂಗಡಿಗಳ ರಿಚ್ಚಿ ಸ್ಟ್ರೀಟಿಗೆ ತೆಗೆದುಕೊಂಡು ಹೋದೆ. ರಿಪೇರಿಯವನು ಸ್ಕ್ರೂ ಬಿಚ್ಚಿದ. ಒಂದು ಚಮಚದಷ್ಟು ನೀರು ಮೇಜಿನ ಮೇಲೆ ಸುರಿಯಿತು.

"ತಣ್ಣೀಲ ವಿಳುಂದಿಡುಚ್ಚಾ ಸಾರ್?" ನೀರಿಗೆ ಬಿತ್ತೇ ಎಂದು ಕೇಳಿದ.

"ಬೀಳಲಿಲ್ಲಪ್ಪಾ, ತೊಳೆದದ್ದು," ಎಂದು ಅವನ ಭಾಷೆಯಲ್ಲೇ ಹೇಳಿದೆ.

"ಯಾರು, ಮಗುವಾ?"

"ಅಲ್ಲ. ಅಮ್ಮ."

ಅವನು ರಿಮೋಟನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದ. "ಸೋಪೂ ಹಾಕಿದ್ದರಾ ಸಾರ್?" ಅಂದ. ಹೊಸ ರಿಮೋಟ್ ಕೊಂಡು ಮನೆಗೆ ಬಂದೆ. ಅಮ್ಮ ಅದನ್ನು ಕೂಡಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ, ಇನ್ನು ಮುಂದೆ ಇದನ್ನು ತಾನಲ್ಲದೆ ಯಾರೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಸೋಪಿನ ವಿಷಯ ಕೇಳಿದ್ದಕ್ಕೆ ಅವಳಿಗೆ ಅವಮಾನವೇ ಆಯಿತು.

"ಅಷ್ಟೂ ತಿಳಿಯಲ್ವೇನೋ ನನಗೆ? ಕರೆಂಟ್ ಸಾಮಾನಿಗೆ ಯಾರಾದರೂ ಸೋಪ್ ಹಾಕ್ತಾರಾ? ಹುಣಿಸೇಹಣ್ಣು ಹಾಕಿ ಉಜ್ಜಿದೆ."

ಐದು ಕಾಫಿ

ನಮ್ಮ ಬೀದಿಯ ಕೊನೆಯಲ್ಲಿ ಕುಂದಾಪುರದವರ ಒಂದು ಹೋಟೆಲಿದೆ. ಒಂದು ವರ್ಷ ಅವರು ಗೋಡೆಗೆ ಟಿವಿ ಹಾಕಿಸಿದರು. ನನಗೆ ಸ್ವರ್ಗ ಸಿಕ್ಕಿದ ಹಾಗಾಯಿತು. ಕಾರ್ಖಾನೆಯ ಬಸ್ಸಿನಿಂದ ಇಳಿದವನೇ ಮನೆಗೆ ಹೋಗದೆ ಅಲ್ಲಿ ಹೋಗಿ ಕೂತೆ. ನನ್ನಂಥವರೇ ಹತ್ತಿಪ್ಪತ್ತು ಮಂದಿ ಇದ್ದರು. ಎಲ್ಲರ ಮುಂದೆಯೂ ಖಾಲಿ ಲೋಟ, ಎಲ್ಲರ ಮನೆಯಲ್ಲೂ ಸೀರಿಯಲ್ಲು.

ಮಾಲೀಕರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಆಗಾಗ ನನ್ನ ಕಡೆ ನೋಡಿ, "ಇನ್ನೊಂದು ಕಾಫಿ ಹೇಳ್ಲಾ ಮಾರಾಯ್ರೆ?" ಎನ್ನುತ್ತಿದ್ದರು. ಮರ್ಯಾದೆಗೆ ಹೇಳಬೇಕಾಗುತ್ತಿತ್ತು. ಹಾಗೆ ಐದು ಕಾಫಿ ಆಯಿತು. ಒಂದೇ ಓವರ್ ಉಳಿದಿತ್ತು, ಹದಿನಾಲ್ಕು ರನ್ ಬೇಕಿತ್ತು. ಬಾಗಿಲಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಊಟಕ್ಕೆ ಬಂದವರು ಕಾಯುತ್ತಿದ್ದರು. ನಾವ್ಯಾರೂ ಅಲುಗಾಡಲಿಲ್ಲ.

ಮಾಲೀಕರು ಎದ್ದು ಬಂದು, ಯಾರಿಗೂ ಏನೂ ಹೇಳದೆ, ಚಾನೆಲ್ ಬದಲಾಯಿಸಿ ಭಜನೆ ಹಾಕಿದರು. ಎರಡೇ ನಿಮಿಷ. ಎಲ್ಲ ಮೇಜೂ ಖಾಲಿ.

"ಇದೇನು ಸ್ವಾಮಿ, ಕೊನೆಯ ಓವರಿನಲ್ಲಿ ಹೀಗೆ ಮಾಡಿದಿರಿ?" ಎಂದು ಗೋಗರೆದೆ.

"ಎಂತ ಮಾಡುದು ಮಾರಾಯ್ರೆ," ಎಂದರು ಅವರು, ಬಂದವರಿಗೆ ಮೇಜು ತೋರಿಸುತ್ತ. "ಕ್ರಿಕೆಟ್ ಹಾಕಿದ್ರೆ ಒಬ್ಬನೂ ಏಳುದಿಲ್ಲ, ದೇವರ ನಾಮ ಹಾಕಿದ್ರೆ ಒಬ್ಬನೂ ಕೂರುದಿಲ್ಲ."

ದೇವರಿಗೇನು ಗೋಡೆ

ಆ ಐದು ಕಾಫಿಯ ದೆಸೆಯಿಂದ ನಿದ್ದೆ ಬರಲಿಲ್ಲ, ನಿದ್ದೆ ಬಾರದ್ದರಿಂದ ಉಪಾಯ ಹೊಳೆಯಿತು. ಮಲಗುವ ಕೋಣೆಗೇ ಒಂದು ಟಿವಿ ತಂದರೆ?

ಅಮ್ಮನ ಮಡಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿತ್ತು. ಸಂಜೆ ದೀಪ ಹಚ್ಚಿದ ಮೇಲೆ ರಾತ್ರಿಯ ಫಲಾಹಾರ ಆಗುವವರೆಗೆ ಅವಳು ಹಾಸಿಗೆ ಸೋಕುವುದಿಲ್ಲ. ಹಾಸಿಗೆಯಿರುವ ಕೋಣೆಯ ಹೊಸಿಲನ್ನೂ ದಾಟುವುದಿಲ್ಲ. ಫಲಾಹಾರ ಆಗುವುದು ಕೊನೆಯ ಸೀರಿಯಲ್ ಮುಗಿದ ಮೇಲೆ. ಇದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಅಂದರೆ ಏಳರಿಂದ ಒಂಬತ್ತೂವರೆಯವರೆಗೆ ಇಡೀ ಮದರಾಸಿನಲ್ಲಿ ನನಗೆ ಅತ್ಯಂತ ಸುರಕ್ಷಿತವಾದ ಜಾಗ ನನ್ನ ಹಾಸಿಗೆ. ಕನ್ನಡ ಚಾನೆಲ್ ನೋಡಬಹುದೆಂದು ಹೆಂಡತಿಯೂ ನನ್ನ ಪಕ್ಷಕ್ಕೆ ಬಂದಳು.

ಕಾರ್ಖಾನೆಯ ಟೇಪು ತಂದು ಗೋಡೆ ಅಳೆಯತೊಡಗಿದೆ. ಅಮ್ಮ ಬಾಗಿಲಾಚೆ ನಿಂತು ನೋಡುತ್ತಿದ್ದಳು.

"ಅಲ್ಲೇನೋ ಹಾಕೋದು? ಆ ಗೋಡೆ ಹಿಂದೆ ದೇವರ ಮನೆ. ದೇವರ ಕಡೆ ಕಾಲು ನೀಡಿಕೊಂಡು ಕ್ರಿಕೆಟ್ ನೋಡ್ತೀಯೇನೋ?"

"ನಡುವೆ ಒಂಬತ್ತಿಂಚಿನ ಗೋಡೆ ಇದೆಯಲ್ಲಮ್ಮಾ."

"ಗೋಡೆ ನಿನಗೆ. ದೇವರಿಗೇನು ಗೋಡೆ?"

"ಹಾಗಾದರೆ ಮಂಚ ತಿರುಗಿಸಿಬಿಡ್ತೀನಿ."

"ತಿರುಗಿಸು. ಉತ್ತರಕ್ಕೆ ತಲೆ ಬರತ್ತೆ. ನನಗಿಂತ ಮುಂಚೆ ಹೋಗಬೇಕು ಅಂತಿದ್ರೆ ರೊಂಬ ಒಳ್ಳೇದು."

ಉಳಿದದ್ದು ಕಿಟಕಿಯ ಪಕ್ಕದ ಗೋಡೆ. ಅದು ಬಾಗಿಲಿಗೆ ನೇರ, ಮಂಚಕ್ಕೆ ಓರೆ. ಮಲಗಿ ನೋಡಿದರೆ ಆಟಗಾರರು ಕಡ್ಡಿಯಂತೆ ಕಾಣುತ್ತಾರೇನೋ ಎಂದು ನಾನು ತಲೆ ಕೆಡಿಸಿಕೊಂಡು ಕೂತಿದ್ದಾಗ, ಪುಸ್ತಕದಿಂದ ತಲೆಯೆತ್ತದೆ ಮಗಳು ಒಂದು ಪರಿಹಾರ ಹೇಳಿದಳು.

"ನಿನ್ನುಕಿಟ್ಟೇ ಪಾರುಪ್ಪಾ." ನಿಂತುಕೊಂಡೇ ನೋಡಪ್ಪಾ ಅಂತ.

ಫ್ರಿಜ್ಜಿನ ಹಿಂದೊಬ್ಬ

ಭಾನುವಾರ ನಾನು, ಹೆಂಡತಿ, ಮಗಳು ಮೂವರೂ ಮನೆಯ ಹತ್ತಿರದ ದೊಡ್ಡ ರಸ್ತೆಯ ಶೋರೂಮಿಗೆ ಹೋದೆವು. ಗೋಡೆ ತುಂಬ ಟಿವಿ, ಎಲ್ಲದರಲ್ಲೂ ಒಂದೇ ಬಣ್ಣಬಣ್ಣದ ಮೀನು ಈಜುತ್ತಿತ್ತು. ಟೈ ಕಟ್ಟಿದ ಸೇಲ್ಸ್‌ಮನ್ ಬಂದ.

"ಇದರಲ್ಲಿ ಕನ್ನಡ ಚಾನೆಲ್ ಬರುತ್ತಾ?" ಎಂದು ಹೆಂಡತಿ ಕೇಳಿದಳು.

"ಬರುತ್ತೆ ಮೇಡಂ, ಕಲರ್‌ನಲ್ಲೇ ಬರುತ್ತೆ," ಎಂದು ಆತ ತಮಿಳಿನಲ್ಲಿ ಧೈರ್ಯ ತುಂಬಿದ.

ನನ್ನ ಚಿಂತೆ ಓರೆಯದು. "ಎಲ್ಲಿಂದ ನೋಡಿದರೂ ಒಂದೇ ಥರ ಕಾಣುತ್ತೆ ಸಾರ್. ಬಾಗಿಲಲ್ಲಿ ಕೂತು ನೋಡಿದರೂ ಸರಿಯೇ," ಎಂದು ಅವನು ಎದೆ ತಟ್ಟಿ ಹೇಳಿದ. ಬಾಯಿಮಾತು ನಂಬಿದರೆ ನಾನೆಂಥ ಇನ್‌ಸ್ಪೆಕ್ಟರು? ಎಡಕ್ಕೆ ನಾಲ್ಕು ಹೆಜ್ಜೆ ಹೋದೆ, ಮೀನು ಕಂಡಿತು. ಇನ್ನೂ ನಾಲ್ಕು ಹೋದೆ, ಕಂಡಿತು. ಕುಕ್ಕರುಗಾಲಲ್ಲಿ ಕೂತು ನೋಡಿದೆ. ಮಲಗಿದ ಹಾಗೆ ಕತ್ತು ವಾಲಿಸಿ ನೋಡಿದೆ. ಹಾಗೇ ಸರಿಯುತ್ತ ಸರಿಯುತ್ತ ವಾಷಿಂಗ್ ಮೆಷಿನ್‌ಗಳನ್ನು ದಾಟಿ, ಒಂದು ಎರಡು ಬಾಗಿಲಿನ ಫ್ರಿಜ್ಜಿನ ಹಿಂದಿನಿಂದ ಒಂದೇ ಕಣ್ಣಲ್ಲಿ ಇಣುಕುತ್ತಿದ್ದೆ. ಭುಜದ ಮೇಲೆ ಕೈ ಬಿತ್ತು. ಸೆಕ್ಯುರಿಟಿಯವನು.

"ಎನ್ನ ಸಾರ್ ಪಣ್ಣುರೀಂಗ?" ಏನು ಮಾಡುತ್ತಿದ್ದೀರಿ ಎಂದ.

"ಟಿವಿ ನೋಡುತ್ತಿದ್ದೇನೆ."

ಅವನು ಫ್ರಿಜ್ಜನ್ನು ನೋಡಿದ, ನನ್ನನ್ನು ನೋಡಿದ, ದನಿ ಮೆತ್ತಗೆ ಮಾಡಿಕೊಂಡ. "ಟಿವಿ ಆ ಕಡೆ ಇದೆ ಸಾರ್," ಎಂದು ಮೊಣಕೈ ಹಿಡಿದು, ಮೆಲ್ಲಗೆ ನಡೆಸಿಕೊಂಡು ಹೋಗಿ ನನ್ನ ಸಂಸಾರದ ಮುಂದೆ ನಿಲ್ಲಿಸಿದ. ಇವರು ನಿಮ್ಮವರೇ ಎಂದು ಕೇಳಿದ. ಹೆಂಡತಿ ಗಂಭೀರವಾಗಿ ಮೀನು ನೋಡತೊಡಗಿದಳು.

ಮಗಳು ಇಂಗ್ಲಿಷಿಗೆ ಇಳಿದಳು. "ನೋ. ನೆವರ್ ಸೀನ್ ಹಿಮ್."

ಮೊದಲ ದರ್ಶನ

ಮುಂದಿನ ಭಾನುವಾರ ಸಂಜೆ ಐದಕ್ಕೆ ಟಿವಿ ಬಂತು. ರಾಹುಕಾಲ. ಆರು ಗಂಟೆಯವರೆಗೆ ಪೆಟ್ಟಿಗೆ ಬಿಚ್ಚಕೂಡದು ಎಂದು ಅಮ್ಮ ತಡೆದಳು. ಟಿವಿ ಹಾಕಲು ಬಂದ ಮೆಕ್ಯಾನಿಕ್ ಪಾಪದವನು, ಕಾಫಿ ಕುಡಿದು, ಚಕ್ಕುಲಿ ತಿಂದು, ಒಂದು ಗಂಟೆ ಹಾಲ್‌ನಲ್ಲಿ ಕೂತ. ಅಮ್ಮ ಅವನ ಊರು, ಸಂಬಳ, ಹೆಂಡತಿಯ ತವರು ಎಲ್ಲ ವಿಚಾರಿಸಿದಳು. ಆ ಟಿವಿಯಲ್ಲಿ ಏನು ವಿಶೇಷ ಎಂದೂ ವಿಚಾರಿಸಿದಳು. ನಾನು ಆಗಲೇ ಎಚ್ಚರವಾಗಬೇಕಿತ್ತು, ಆಗಲಿಲ್ಲ.

ಆರು ಗಂಟೆಗೆ ಟಿವಿ ಗೋಡೆಯೇರಿತು. ಅಮ್ಮ ದೀಪ ಹಚ್ಚಿ ಬಂದು, ಹೊಸಿಲಿನ ಆಚೆಯೇ ನಿಂತು, ಮೊದಲ ಚಿತ್ರಕ್ಕೆ ಕೈಮುಗಿಯಲು ಕಣ್ಣುಮುಚ್ಚಿದಳು. ಮೆಕ್ಯಾನಿಕ್ ತನ್ನ ಪೆನ್ ಡ್ರೈವ್ ಚುಚ್ಚಿ ಗುಂಡಿ ಒತ್ತಿದ. ಅಮ್ಮ ಕಣ್ಣು ತೆರೆದಳು. ಅಂಗೈಯಗಲದ ಮೀನು.

"ಮೊದಲ ದಿನವೇ ಮನೆಯೊಳಗೆ ಮೀನಾ?"

ಅವನು ಗಾಬರಿಬಿದ್ದು ಮುಂದಿನದನ್ನು ಒತ್ತಿದ. ಯಾವುದೋ ಹೋಟೆಲಿನ ಅಡುಗೆಮನೆ, ಬೆಂಕಿಯ ಮೇಲೆ ಒಂದು ಇಡೀ ಕೋಳಿ ತಿರುಗುತ್ತಿತ್ತು. ಎಣ್ಣೆ ತೊಟ್ಟಿಕ್ಕುವುದೂ ಸ್ಪಷ್ಟವಾಗಿ ಕಾಣುತ್ತಿತ್ತು.

"ಮೊದಲಿನದನ್ನೇ ಹಾಕಪ್ಪಾ," ಎಂದಳು ಅಮ್ಮ. "ಅದನ್ನ ಮತ್ಸ್ಯಾವತಾರ ಅಂತಾದರೂ ಅಂದ್ಕೋಬಹುದು."

ಹೊಸಿಲು

ಅದೇ ವಾರ ಪಂದ್ಯವಿತ್ತು. ಎಲ್ಲೋ ಹೊರದೇಶದಲ್ಲಿ, ನಮ್ಮ ಗಡಿಯಾರಕ್ಕೆ ಎಂಟೂವರೆಗೆ ಮುಗಿಯುವಂಥದ್ದು. ಎರಡು ದಿಂಬು ಒರಗಿಸಿ, ಕಾಲು ಚಾಚಿ, ರಿಮೋಟನ್ನು ಎದೆಯ ಮೇಲೆ ಇಟ್ಟುಕೊಂಡೆ. ಬಾಗಿಲು ಹಾಕಲು ಹೋದರೆ, "ದೀಪ ಹಚ್ಚಿದ ಹೊತ್ತಲ್ಲಿ ಬಾಗಿಲು ಹಾಕ್ತಾರೇನೋ?" ಎಂದು ಹಾಲ್‌ನಿಂದ ದನಿ ಬಂತು. ತೆರೆದೇ ಇಟ್ಟೆ. ತೆರೆದಿದ್ದರೆ ಏನಾಯಿತು, ಅಮ್ಮ ಒಳಗೆ ಬರುವ ಹಾಗಿಲ್ಲವಲ್ಲ.

ಒಳಗೆ ಬರಲಿಲ್ಲ. ಏಳೂಮುಕ್ಕಾಲಕ್ಕೆ ಮಣೆಯೊಂದನ್ನು ಎಳೆದುಕೊಂಡು ಬಂದು ಹೊಸಿಲಿನ ಆಚೆ ಹಾಕಿ ಕೂತಳು.

"ಒಂದೇ ನಿಮಿಷ ನನ್ನ ಸೀರಿಯಲ್ ಹಾಕೋ. ಹಾಲ್ ಟಿವಿಯಲ್ಲಿ ಆ ಪೆಣ್ಣಿನ ಸೀರೆ ಅಂಚೇ ಕಾಣಲ್ಲ. ಇದರಲ್ಲಿ ಕಾಣತ್ತಾ ನೋಡ್ತೀನಿ."

ಹಾಕಿದೆ. ಅಂಚು ಕಂಡಿತು. ಜರಿ ಕಂಡಿತು. ಅತ್ತೆಯ ಪಾತ್ರದವಳ ಗಲ್ಲದ ಮೇಲಿನ ಮಚ್ಚೆ ಕೂಡ ಕಂಡಿತು.

"ಅಯ್ಯೋ, ಇವಳಿಗೆ ಮಚ್ಚೆ ಇದೆ! ಎರಡು ವರ್ಷದಿಂದ ನೋಡ್ತಿದೀನಿ, ತಿಳಿಯಲೇ ಇಲ್ಲ!" ಎಂದು ಅಮ್ಮ ಹಿಗ್ಗಿಹೋದಳು. ಆ ನಿಮಿಷ ಮುಗಿಯಲಿಲ್ಲ.

ಇರಲಿ, ಹಾಲ್‌ನ ಟಿವಿ ಖಾಲಿಯಾಯಿತಲ್ಲ ಎಂದುಕೊಂಡು ಎದ್ದೆ. ಮಡಿಯಲ್ಲಿದ್ದವಳಿಗೆ ಸೋಕದಂತೆ ಗೋಡೆಗೆ ಒತ್ತಿಕೊಂಡು ಹೊರಗೆ ಬಂದೆ. ನೋಡಿದರೆ ಅದೂ ಹಾಡುತ್ತಿತ್ತು. ಪ್ಲಾಸ್ಟಿಕ್ ಚೀಲದ ರಿಮೋಟು ಅಮ್ಮನ ಕೈಯಲ್ಲಿತ್ತು.

"ಎಂಟು ಗಂಟೆಗೆ ಎರಡು ಚಾನೆಲ್‌ನಲ್ಲೂ ನನ್ನದೇ ಕಣೋ. ಇಷ್ಟು ದಿನ ಒಂದನ್ನ ಬಿಡ್ತಿದ್ದೆ. ಇಲ್ಲಿ ಕೂತರೆ ಎರಡೂ ಕಾಣತ್ತೆ." ಎಡಕ್ಕೆ ತಿರುಗಿ ಹಾಲ್ ತೋರಿಸಿದಳು, ಬಲಕ್ಕೆ ತಿರುಗಿ ಕೋಣೆ ತೋರಿಸಿದಳು. "ನೀ ಒಳಗೆ ಹೋಗಿ ಕೂತ್ಕೋ. ಆ ರಿಮೋಟು ಹಾಸಿಗೆ ಮೇಲಿದ್ದದ್ದು, ನಾ ಮುಟ್ಟಲ್ಲ. ಸೌಂಡ್ ಜಾಸ್ತಿ ಮಾಡು ಅಂದರೆ ಮಾಡೋಕೆ ಒಬ್ಬರು ಬೇಕಲ್ಲ."

ಮೊದಲು ಮನೆಯಲ್ಲಿ ಒಂದು ಟಿವಿ ಇತ್ತು, ಅದು ಅಮ್ಮನದಾಗಿತ್ತು. ಈಗ ಎರಡು, ಎರಡೂ ಅಮ್ಮನದು. ಜೊತೆಗೆ ಹಾಸಿಗೆಯ ಮೇಲೊಬ್ಬ ಆಪರೇಟರು.

ನಿಜ ಹೇಳುತ್ತೇನೆ, ಅತ್ತ ಒಮ್ಮೆ ಇತ್ತ ಒಮ್ಮೆ ಕತ್ತು ತಿರುಗಿಸುತ್ತ ಅವಳು ಖುಷಿಪಡುವುದನ್ನು ಕಂಡು ನನಗೂ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು. ಕನ್ನಡ ಚಾನೆಲ್ ಎಂದು ಕುಣಿದಿದ್ದ ಹೆಂಡತಿ ನನ್ನ ದಿಂಬಿಗೆ ಒರಗಿ, "ಅತ್ತೆ, ಇವಳು ಯಾರ ಮಗಳು?" ಎಂದು ಕೇಳುತ್ತಿದ್ದಳು. ಅವಳ ಕೈಗೆ ರಿಮೋಟ್ ಕೊಟ್ಟು, "ಕೊತ್ತಂಬರಿ ಸೊಪ್ಪು ತರ್ತೀನಿ," ಎಂದು ಹೇಳಿ ಚಪ್ಪಲಿ ಮೆಟ್ಟಿದೆ. ಓಡಿದೆ ಅಂತಲೇ ಹೇಳಬೇಕು.

ಶೋರೂಮಿನ ಗಾಜಿನ ಮುಂದೆ ಜನ ಕಿಕ್ಕಿರಿದಿದ್ದರು. ಗಾಜಿನ ಹಿಂದೆ ನನ್ನ ಟಿವಿಯ ಅಣ್ಣ ತಮ್ಮಂದಿರೆಲ್ಲ ಕ್ರಿಕೆಟ್ ತೋರಿಸುತ್ತಿದ್ದರು. ಕೊನೆಯ ಓವರ್. ನಾನು ತೀರಾ ಅಂಚಿನಲ್ಲಿ, ಒಬ್ಬ ಆಟೋದವನ ಹೆಗಲಿನ ಪಕ್ಕದಿಂದ ಓರೆಯಾಗಿ ಇಣುಕಿದೆ. ಆರಕ್ಕೆ ಆರು ಎಸೆತ, ಒಂದೂ ಬಿಡದೆ, ಮಗಳು ಹೇಳಿದ್ದ ಹಾಗೆ ನಿಂತುಕೊಂಡೇ ನೋಡಿದೆ. ಗೆದ್ದೆವು. ಗುರುತಿಲ್ಲದ ಆ ಆಟೋದವನು ನನ್ನನ್ನು ಎತ್ತಿ ಇಳಿಸಿದ.

ಜನ ಚದುರಿದ ಮೇಲೆ ಷಟರ್ ಎಳೆಯಲು ಹೊರಗೆ ಬಂದ ಸೇಲ್ಸ್‌ಮನ್‌ನ ಕಣ್ಣು ನನ್ನ ಮೇಲೆ ಬಿತ್ತು. ಅವನ ಮುಖ ಬಿಳಿಚಿಕೊಂಡಿತು.

"ಸಾರ್! ಒಂದು ವಾರವೂ ಆಗಿಲ್ಲ. ಟಿವಿ ಸರಿಯಾಗಿ ಕಾಣುತ್ತಿಲ್ಲವಾ?"

"ಚೆನ್ನಾಗಿ ಕಾಣುತ್ತಪ್ಪಾ," ಎಂದೆ. "ನೀನು ಹೇಳಿದ ಹಾಗೆ ಬಾಗಿಲಲ್ಲಿ ಕೂತರೂ ಕಾಣುತ್ತೆ. ಅದಕ್ಕೇ ನಾನು ಇಲ್ಲಿ ನಿಂತಿದ್ದೇನೆ."