ಒಂಬತ್ತು ಸೀಟು, ಹತ್ತು ಮಂದಿ, ಒಂದು ರೊಟ್ಟಿ ಬುಟ್ಟಿ

ನಾನು ರೈಲು ಪಕ್ಷದವನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನಾನು ಹೇಳುವುದನ್ನೆಲ್ಲ ನೀವು ನ್ಯಾಯವಾದ ಮಾತೆಂದು ನಂಬಿಬಿಡುವ ಅಪಾಯವಿದೆ. ಪ್ರಯಾಣಿಕರಲ್ಲಿ ಎರಡೇ ಪಂಗಡ. ಗಾಡಿ ತಮ್ಮ ಮನೆ ಬಾಗಿಲಿಗೆ ಬಂದು ಹಾರ್ನ್ ಹೊಡೆಯಬೇಕು ಎನ್ನುವವರದು ಒಂದು, ಗಾಡಿ ಬರುವಲ್ಲಿಗೆ ಒಂದು ತಾಸು ಮೊದಲೇ ಹೋಗಿ ಬೆಂಚಿನ ಮೇಲೆ ಕೂರುವವರದು ಇನ್ನೊಂದು. ನಾನು ಎರಡನೆಯದಕ್ಕೆ ಸೇರಿದವನು. ಮೂವತ್ತು ವರ್ಷ ಸೇಡಂನಿಂದ ವಾಡಿಗೆ ರೈಲಿನಲ್ಲಿ ಹೋಗಿ, ಅಲ್ಲಿಯ ಸ್ಟೇಷನ್ನಿನ ಕಿಟಕಿಯ ಹಿಂದೆ ಕೂತು ಟಿಕೆಟ್ ಕೊಟ್ಟು, ಮತ್ತೆ ರೈಲಿನಲ್ಲೇ ಮನೆಗೆ ಬಂದವನು. ನಿವೃತ್ತನಾಗಿ ಮೂರು ವರ್ಷವಾದರೂ ಮನೆಯ ಕಿಟಕಿಯಲ್ಲಿ ಯಾರಾದರೂ ಮುಖ ತೋರಿಸಿದರೆ ಬಾಯಿಂದ ‘ಎಲ್ಲಿಗೆ?’ ಎಂದೇ ಬರುತ್ತದೆ. ಹಾಲಿನವನು ಮೊದಮೊದಲು ಮುಖ ಸಿಂಡರಿಸುತ್ತಿದ್ದ. ಈಗ ‘ಮುಂದಿನ ಮನೀಗಿ’ ಎಂದು ಉತ್ತರ ಕೊಟ್ಟು ಹೋಗುತ್ತಾನೆ.

ಇಂಥವನ ಬಾಳಿನಲ್ಲಿ ಇಟಲಿ ನುಗ್ಗಿದ್ದು ನನ್ನ ಅಣ್ಣನಿಂದ. ಅಣ್ಣನದು ಶಹಾಬಾದಿನಲ್ಲಿ ಫರಸಿ ಕಲ್ಲಿನ ಡಿಪೋ. ನೆಲಕ್ಕೆ ಹಾಸುವ ಶಹಾಬಾದಿ ಕಲ್ಲನ್ನು ಕೊಯ್ದು, ಉಜ್ಜಿ, ನಯಮಾಡಿ ಮಾರುವುದೇ ಅವನ ಜನ್ಮದ ಕೆಲಸ. ಈಚೆಗೆ ಹೊಸ ಮನೆ ಕಟ್ಟಿಸುವ ಹುರುಪಿನ ಗಿರಾಕಿಗಳು ಡಿಪೋಕ್ಕೆ ಬರುತ್ತಾರೆ, ಕಲ್ಲಿನ ಮೇಲೆ ಕೈಯಾಡಿಸುತ್ತಾರೆ, ಅಣ್ಣ ತರಿಸಿದ ಚಹಾ ಕುಡಿಯುತ್ತಾರೆ, ಆಮೇಲೆ ನಡುಮನೆಗೆ ಇಟಾಲಿಯನ್ ಮಾರ್ಬಲ್ ಹಾಕಿಸುತ್ತೇವೆ, ನಿಮ್ಮ ಕಲ್ಲು ಬಚ್ಚಲಿಗಿರಲಿ ಎನ್ನುತ್ತಾರೆ. ಅಣ್ಣ ಎಲ್ಲವನ್ನೂ ಸಹಿಸಿಯಾನು, ಬಚ್ಚಲನ್ನು ಮಾತ್ರ ಸಹಿಸಲಿಲ್ಲ. ಒಂದು ದಿನ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು, “ನನ್ನ ಗಿರಾಕಿ ಕದ್ದ ಆ ಗುಡ್ಡ ಒಮ್ಮಿ ಕಣ್ಣಿಲೆ ನೋಡಿ ಬರ್ತೀನಿ” ಎಂದ. ಎಲ್ಲರೂ ನಕ್ಕೆವು. ಅವನು ಮರುದಿನವೇ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡು ಬಂದ.

ನಮ್ಮ ಮನೆತನದಲ್ಲಿ ಒಬ್ಬರು ಕಲಬುರಗಿಗೆ ಕಣ್ಣು ತೋರಿಸಲು ಹೊರಟರೂ ನಾಲ್ವರು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಇಟಲಿಯೆಂದ ಮೇಲೆ ಕೇಳಬೇಕೆ? ಅಣ್ಣನ ಜೊತೆ ವೈನಿ, ಅಂದರೆ ಅವನ ಹೆಂಡತಿ, ಹೊರಟಳು. ಅವರ ಇಬ್ಬರು ಮಕ್ಕಳು ಕಾಲೇಜಿನ ರಜೆಯನ್ನು ಆಗಲೇ ಲೆಕ್ಕ ಹಾಕಿದರು. ನಾನು ಮತ್ತು ನನ್ನಾಕೆ ಬಟ್ಟೆ ಹೊಲಿಯಲು ಕೊಟ್ಟೆವು. ಚಿಂಚೋಳಿ ಪಕ್ಕದ ಚಂದಾಪುರದಲ್ಲಿರುವ ಅಕ್ಕ ಸುದ್ದಿ ಕೇಳಿದ ಮೂರನೆಯ ದಿನ ಗಂಡ ಮತ್ತು ಮಗಳ ಸಮೇತ ಬಂದಿಳಿದಳು. ಅವ್ವನನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಹೀಗೆ ನಾವು ಹತ್ತು ಮಂದಿಯಾದೆವು. ಸೇಡಂನ ನಮ್ಮ ಮನೆಯ ಗೋಡೆಗೆ ಮಕ್ಕಳು ಇಟಲಿಯ ದೊಡ್ಡ ನಕ್ಷೆ ಅಂಟಿಸಿದರು. ಅವ್ವ ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿ, ಇದರಲ್ಲಿ ವಾಡಿ ಎಲ್ಲಿದೆ ಎಂದು ಕೇಳಿದಳು. ಮಕ್ಕಳು ನಕ್ಕರು, ನನಗೆ ಮಾತ್ರ ಅದು ಬಹಳ ತಿಳಿವಳಿಕೆಯ ಪ್ರಶ್ನೆಯೆನಿಸಿತು. ಬೊಲೊನ್ಯಾದ ಮೇಲೆ ಬೆರಳಿಟ್ಟು ಇದೇ ಇಟಲಿಯ ವಾಡಿ ಜಂಕ್ಷನ್ ಎಂದೆ. ಉತ್ತರ ದಕ್ಷಿಣದ ಗಾಡಿಗಳೆಲ್ಲ ಅಲ್ಲಿ ಸೇರುತ್ತವೆ, ಅದನ್ನು ಹಾಯದೆ ಹೋಗುವುದು ಕಷ್ಟ. ಅವ್ವನಿಗೆ ಆ ದೇಶದ ಮೇಲೆ ತುಸು ನಂಬಿಕೆ ಬಂತು.

ತಕರಾರು ಎದ್ದದ್ದು ಅಲ್ಲಿ ಇಳಿದ ಮೇಲೆ ಹದಿನೈದು ದಿನ ಯಾವುದರಲ್ಲಿ ತಿರುಗುವುದು ಎಂಬುದರ ಮೇಲೆ. ನಾನು ರೈಲೆಂದೆ. ಅಕ್ಕನ ಗಂಡ, ನಮ್ಮ ಭಾವ, ವ್ಯಾನ್ ಎಂದರು. ಭಾವನಿಗೆ ಬಾಡಿಗೆಗೆ ಓಡಿಸುವ ಸ್ವಂತದ ಕ್ರೂಸರ್ ಜೀಪು ಇದೆ. ಚಿಂಚೋಳಿ ಮತ್ತು ಸೇಡಂ ನಡುವೆ ಅದನ್ನು ಓಡಿಸಿ ಓಡಿಸಿ ಸ್ಟೇರಿಂಗ್ ಇಲ್ಲದೆ ಕೂತರೆ ಅವರ ಕೈಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ನಿಮಗೆ ರೂಢಿ ತಪ್ಪುತ್ತದೆ ಎಂದು ನಾನು ಹೆದರಿಸಿದೆ. ಭಾವ ಹೆದರಲಿಲ್ಲ. “ಎದುರಿಗಿ ಸಿಮೆಂಟ್ ಲಾರಿ ಬಂದ್ರ ಯಾ ಕಡಿ ಖಾಲಿ ಅದ ಆ ಕಡಿ ಹೊಡೀತೀನಿ. ನನಗ ಎರಡೂ ಕಡಿ ರೂಢಿ ಅದ” ಎಂದರು. ಅಲ್ಲಿಯ ಹಳೆಯ ಊರುಗಳ ಒಳಗೆ ಹೊರಗಿನ ಗಾಡಿ ಹೊಕ್ಕರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ಸೇಡಂವರೆಗೆ ಬರುತ್ತದೆ ಎಂದೆ. ಬಂದರೆ ಬರಲಿ, ಇಟಲಿಯಿಂದ ನಮ್ಮ ಹೆಸರಿಗೆ ಒಂದು ಪತ್ರ ಬಂದಂತಾಯಿತು ಎಂದರು. ಇಂಥ ಮನುಷ್ಯನ ಜೊತೆ ವಾದ ಮಾಡುವುದು ಹೇಗೆ? ಅಣ್ಣನೂ ಒಳಗೊಳಗೇ ಅವರ ಕಡೆಗಿದ್ದ. ಅವನ ಮಾರ್ಬಲ್ ಗುಡ್ಡ ಕರಾರಾ ಎಂಬ ಊರಿನ ಮೇಲಿತ್ತು, ಗುಡ್ಡದ ಬುಡದವರೆಗೆ ಗಾಡಿಯಲ್ಲೇ ಹೋಗಬೇಕೆಂಬುದು ಅವನ ಆಸೆ. ಆ ಗುಡ್ಡಕ್ಕೆ ತೋರಿಸಲೆಂದು ಅಂಗೈಯಗಲದ ಒಂದು ಶಹಾಬಾದಿ ಕಲ್ಲನ್ನು ನಯಮಾಡಿ, ಅಂಗಿಯಲ್ಲಿ ಸುತ್ತಿ, ಸೂಟ್‌ಕೇಸಿನಲ್ಲಿ ಇಟ್ಟೂ ಆಗಿತ್ತು.

ಆಗ ಅವ್ವ ತನ್ನ ಶರತ್ತು ಹೇಳಿದಳು. “ಎಲ್ಲಾರೂ ಒಂದೇ ಗಾಡ್ಯಾಗ ಕುಂತ್ರ ಬರ್ತೀನಿ. ಇಲ್ಲಂದ್ರ ನಾ ಇಲ್ಲೇ ಇರ್ತೀನಿ, ನೀವು ಹೋಗಿ ಬರ್ರಿ.” ಈ ಶರತ್ತು ಹೊಸದಲ್ಲ. ನಾನು ಎಂಟು ವರ್ಷದವನಿದ್ದಾಗ ಚಿಂಚೋಳಿಯ ಕಡೆ ಒಂದು ಮದುವೆಗೆ ನಮ್ಮ ಮಂದಿಯೆಲ್ಲ ಎರಡು ಟ್ರ್ಯಾಕ್ಟರಿನಲ್ಲಿ ಹೋಗಿದ್ದೆವು. ಅವ್ವ ಮುಂದಿನದರಲ್ಲಿದ್ದಳು, ನಾನು ಹುಡುಗರ ಜೊತೆ ಹಟ ಮಾಡಿ ಹಿಂದಿನದನ್ನು ಹತ್ತಿದ್ದೆ. ಹಿಂದಿನ ಟ್ರ್ಯಾಕ್ಟರಿನ ಗಾಲಿ ದಾರಿಯಲ್ಲಿ ಪಂಕ್ಚರ್ ಆಗಿ, ನಾವು ಮುಟ್ಟುವ ಹೊತ್ತಿಗೆ ಅಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಾನು ಖಾಲಿ ಹೋಳಿಗೆಯ ಬುಟ್ಟಿಯ ಮುಂದೆ ನಿಂತು ಅತ್ತೆನಂತೆ. ಅಂದಿನಿಂದ ನಮ್ಮ ಮನೆಯವರು ಎರಡು ಗಾಡಿ ಮಾಡಿಕೊಂಡು ಎಲ್ಲಿಗೂ ಹೋದದ್ದಿಲ್ಲ. ಹದಿನಾಲ್ಕು ಮಂದಿ ಒಂದೇ ಕ್ರೂಸರಿನಲ್ಲಿ ತೊಡೆಯ ಮೇಲೆ ತೊಡೆ ಹಾಕಿ ಹೋಗಿದ್ದೇವೆ, ಒಬ್ಬರೂ ಹಿಂದೆ ಉಳಿದಿಲ್ಲ.

ಭಾವ ಅದೇ ಧೈರ್ಯದಲ್ಲಿದ್ದರು. ಆದರೆ ಮಕ್ಕಳು ಹುಡುಕಿ ಹೇಳಿದ ಪ್ರಕಾರ ಸಾಮಾನ್ಯ ಲೈಸೆನ್ಸಿನವರು ಅಲ್ಲಿ ಓಡಿಸಬಹುದಾದ ವ್ಯಾನಿನಲ್ಲಿ ಡ್ರೈವರ್ ಸೇರಿ ಒಂಬತ್ತೇ ಸೀಟು. ಒಬ್ಬರನ್ನು ನಡುವೆ ಹಿಡಿಸೋಣ ಎಂದರು ಭಾವ. ಆಗುವುದಿಲ್ಲ, ಪ್ರತಿ ಸೀಟಿಗೂ ಬೆಲ್ಟು, ಬೆಲ್ಟಿಲ್ಲದವರಿಗೆ ಪೊಲೀಸು ಎಂದರು ಮಕ್ಕಳು. ದೊಡ್ಡ ಬಸ್ಸಾದರೆ ಅಲ್ಲಿಯ ಡ್ರೈವರನನ್ನೇ ಕರೆದುಕೊಳ್ಳಬೇಕು. ಬೇರೆಯವನು ಓಡಿಸುವಾಗ ಹಿಂದೆ ಕೂರುವುದಾದರೆ ತಾನು ಬರುವುದಿಲ್ಲ ಎಂದು ಭಾವ ಮುಖ ತಿರುಗಿಸಿದರು. ಉಳಿದದ್ದು ರೈಲು. ನನಗೆ ಕುಣಿಯುವಷ್ಟು ಖುಷಿಯಾಯಿತು. ಖುಷಿಯನ್ನು ಮುಚ್ಚಿಟ್ಟುಕೊಂಡೆ ಎಂದು ನಾನು ತಿಳಿದಿದ್ದೆ, ಸ್ಟೇಷನ್ನಿನ ಗಂಟೆಯ ಸದ್ದನ್ನು ಬಾಯಲ್ಲಿ ಮಾಡುತ್ತಿದ್ದೆ ಎಂದು ಆಮೇಲೆ ನನ್ನಾಕೆ ಹೇಳಿದಳು.

ಗೆಲುವು ಒಂದು ದಿನವೂ ಬಾಳಲಿಲ್ಲ. ಅಲ್ಲಿಯವರು ಊಟಕ್ಕೆ ಏನು ಮಾಡುತ್ತಾರೆಂದು ಅವ್ವ ಕೇಳಿದಳು. ಅವರೂ ರೊಟ್ಟಿಯಂಥದನ್ನೇ ಮಾಡಿ ಮೇಲೆ ಟೊಮ್ಯಾಟೊ ಸುರಿಯುತ್ತಾರೆ ಎಂದು ಮೊಮ್ಮಗಳು ಹೇಳಿದಳು. ಜೋಳದ್ದೋ ಎಂದಳು ಅವ್ವ. ಮೈದಾದ್ದು ಎಂದಳು ಅವಳು. ಅಷ್ಟಕ್ಕೇ ಅಟ್ಟದಿಂದ ದೊಡ್ಡ ಬಿದಿರಿನ ಬುಟ್ಟಿ ಕೆಳಗಿಳಿಯಿತು. ನಮ್ಮ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಆದರೆ ಕೈ ಜೋರಾಗಿ ತಾಗಿದರೆ ಪುಡಿಪುಡಿ. ಅದರ ಮೇಲೆ ಏನನ್ನೂ ಇಡುವಂತಿಲ್ಲ, ಅದನ್ನು ಓರೆ ಮಾಡುವಂತಿಲ್ಲ. ವಿಮಾನದಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದು ಅವ್ವ ವಿಮಾನದವರನ್ನು ಕೇಳದೆಯೇ ತೀರ್ಮಾನಿಸಿದ್ದಳು. ಈಗ ಅವಳ ಪ್ರಶ್ನೆ ನನಗಿತ್ತು: ರೈಲು ಎರಡು ನಿಮಿಷ ನಿಲ್ಲುವಲ್ಲಿ ಹತ್ತು ಮಂದಿ, ಇಷ್ಟು ಸೂಟ್‌ಕೇಸು, ಈ ಬುಟ್ಟಿ ಇಳಿಯುವುದು ಹೇಗೆ? ಮೂವತ್ತು ವರ್ಷದ ಸರ್ವಿಸ್ಸಿನ ಮೇಲೆ ಕೈಯಿಟ್ಟು ಹೇಳಿದೆ, ತಾಲೀಮು ಮಾಡಿ ತೋರಿಸುತ್ತೇನೆ, ಸೇಡಂನಲ್ಲಿ ಹತ್ತಿ ವಾಡಿಯಲ್ಲಿ ಎರಡೇ ನಿಮಿಷದಲ್ಲಿ ಇಳಿಯೋಣ. ಭಾವ ಸಂತೋಷದಿಂದ ಒಪ್ಪಿ, ವಾಪಸು ಬರಲು ಇರಲಿ ಎಂದು ಕ್ರೂಸರನ್ನು ಹಿಂದಿನ ದಿನವೇ ವಾಡಿ ಸ್ಟೇಷನ್ನಿನ ಹೊರಗೆ ನಿಲ್ಲಿಸಿ ಬಂದರು. ಆ ಸಂತೋಷವನ್ನು ನೋಡಿಯೇ ನಾನು ಎಚ್ಚರಗೊಳ್ಳಬೇಕಿತ್ತು.

ಆ ಬೆಳಗಿನ ಸಡಗರವನ್ನು ಏನೆಂದು ಹೇಳಲಿ. ಎಲ್ಲರೂ ಇಟಲಿಗೆಂದು ಹೊಲಿಸಿದ ಬಟ್ಟೆಯನ್ನೇ ಹಾಕಿಕೊಂಡಿದ್ದರು. ವೈನಿ ಕಪ್ಪು ಕನ್ನಡಕ ಹಾಕಿದ್ದಳು. ಸೂಟ್‌ಕೇಸುಗಳಲ್ಲಿ ತೂಕಕ್ಕೆಂದು ಮಕ್ಕಳು ಹಳೆಯ ಪುಸ್ತಕ ತುಂಬಿದ್ದರು, ಅಣ್ಣನದರಲ್ಲಿ ನಿಜವಾದ ಕಲ್ಲೇ ಇತ್ತು. ಗಾಡಿ ಬಂದು ನಿಲ್ಲುತ್ತಲೇ ನಾನು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೆ. ಬುಟ್ಟಿಯನ್ನು ಕಿಟಕಿಯ ಪಕ್ಕ ಕೂರಿಸಿ, ಅಲುಗದಿರಲೆಂದು ಅದೇ ಟವೆಲಿನಿಂದ ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿದೆ. ಮಳಖೇಡದ ಸಿಮೆಂಟ್ ಚಿಮಣಿ ಹೋಯಿತು, ಚಿತ್ತಾಪುರದಲ್ಲಿ ಯಾರಿಗೂ ಚಹಾ ಕುಡಿಯಲು ಬಿಡಲಿಲ್ಲ. ತಾಲೀಮೆಂದರೆ ತಾಲೀಮು. ವಾಡಿ ಹತ್ತಿರ ಬರುತ್ತಲೇ ಎಲ್ಲರನ್ನೂ ಬಾಗಿಲ ಬಳಿ ಸಾಲಾಗಿ ನಿಲ್ಲಿಸಿ, ಯಾರ ಹಿಂದೆ ಯಾರು, ಯಾರ ಕೈಯಲ್ಲಿ ಏನು ಎಂದು ಎರಡೆರಡು ಸಲ ಒಪ್ಪಿಸಿಕೊಂಡೆ. ಈ ಗಾಡಿ ವಾಡಿಯಲ್ಲಿ ಐದು ನಿಮಿಷ ನಿಲ್ಲುತ್ತದೆ, ಆದರೂ ನಾವು ಎರಡರಲ್ಲಿ ಇಳಿಯಬೇಕು ಎಂದು ಹುಕುಂ ಕೊಟ್ಟೆ.

ಅವರು ಇಳಿದ ಚಂದವನ್ನು ನೋಡಬೇಕಿತ್ತು. ಒಂದೇ ನಿಮಿಷದಲ್ಲಿ ಒಂಬತ್ತು ಮಂದಿ, ಅಷ್ಟೂ ಸೂಟ್‌ಕೇಸು, ಅವ್ವನ ಊರುಗೋಲು ಸಹ ಪ್ಲಾಟ್‌ಫಾರ್ಮಿನ ಮೇಲೆ. ನನ್ನ ಎದೆ ಉಬ್ಬಿತು. ಬುಟ್ಟಿ ತರಲು ಒಳಗೆ ಹೋದೆ. ಟವೆಲಿನ ಗಂಟು ಬಿಚ್ಚಲಿಲ್ಲ. ಉಗುರಿನಿಂದ ಎಳೆದೆ, ಹಲ್ಲಿನಿಂದ ಎಳೆದೆ. ಜೋರಾಗಿ ಜಗ್ಗಿದರೆ ರೊಟ್ಟಿ ಮುರಿಯುತ್ತದೆ. ಐದು ನಿಮಿಷವಿದೆಯಲ್ಲ ಎಂದು ಸಮಾಧಾನದಿಂದಲೇ ಬಿಚ್ಚುತ್ತಿದ್ದೆ. ಆ ಐದು ನಿಮಿಷ ನಾನು ನಿವೃತ್ತನಾಗುವಾಗಿನದು, ಈಗ ಅಲ್ಲಿ ಎರಡೇ ಎಂದು ಗಾಡಿ ಚಲಿಸಿದಾಗ ತಿಳಿಯಿತು. ಮೂವತ್ತು ವರ್ಷ ನಾನು ಕೂತಿದ್ದ ಟಿಕೆಟ್ ಕಿಟಕಿ ನನ್ನ ಕಣ್ಣ ಮುಂದೆಯೇ ಹಿಂದಕ್ಕೆ ಸರಿಯಿತು. ನಾನು ಸರಳಿನ ಹಿಂದಿನಿಂದ ಅಲ್ಲೇ ನಿಲ್ಲಿರಿ ಎಂದು ಕೂಗಿದೆ. ಇದೂ ತಾಲೀಮಿನ ಒಂದು ಭಾಗವೆಂದು ತಿಳಿದು ಮಕ್ಕಳು ಚಪ್ಪಾಳೆ ತಟ್ಟಿ ಕೈ ಬೀಸಿದರು. ಅವ್ವ ಒಬ್ಬಳು ಕೈ ಬೀಸಲಿಲ್ಲ.

ಮುಂದಿನ ಊರು ಶಹಾಬಾದ್. ಗಂಟು ಅಲ್ಲಿ ಬಿಚ್ಚಿತು. ಅಣ್ಣನಿಗೆ ಫೋನ್ ಮಾಡಿ ಹೇಳಿ, ಬುಟ್ಟಿಯನ್ನು ಎತ್ತಿಕೊಂಡು ಅವನ ಡಿಪೋಕ್ಕೆ ನಡೆದು ಹೋಗಿ, ಬೇವಿನ ಮರದ ಕೆಳಗೆ ಕಲ್ಲಿನ ಚಪ್ಪಡಿಯ ಮೇಲೆ ಕೂತೆ. ಹೊಟ್ಟೆ ಚುರುಗುಟ್ಟುತ್ತಿತ್ತು, ತೊಡೆಯ ಮೇಲೆ ಬುಟ್ಟಿ ತುಂಬ ರೊಟ್ಟಿಯಿತ್ತು, ಆದರೂ ಬಟ್ಟೆ ಸರಿಸಲು ಕೈ ಬರಲಿಲ್ಲ. ಇಷ್ಟಾದ ಮೇಲೆ ಇಟಲಿಯಲ್ಲಿ ರೈಲಿಗೆ ಯಾರೂ ಒಪ್ಪುವುದಿಲ್ಲ, ವ್ಯಾನಿನಲ್ಲಿ ಎಲ್ಲರೂ ಹಿಡಿಸುವುದಿಲ್ಲ, ಒಂದೇ ಗಾಡಿ ಇಲ್ಲದಿದ್ದರೆ ಅವ್ವ ಬರುವುದಿಲ್ಲ. ನನ್ನ ಒಂದು ಗಂಟಿನಿಂದ ಅವಳ ಇಟಲಿ ತಪ್ಪಿತಲ್ಲ ಎಂದು ನಿಜಕ್ಕೂ ದುಃಖವಾಯಿತು. ಅಷ್ಟರಲ್ಲಿ ಭಾವನ ಕ್ರೂಸರ್ ಧೂಳೆಬ್ಬಿಸಿಕೊಂಡು ಬಂತು. ಒಂಬತ್ತು ಮಂದಿ ಆರಾಮಾಗಿ ಕೂತಿದ್ದರು. ಭಾವ ನನ್ನ ಮುಂದೆಯೇ ತಂದು ನಿಲ್ಲಿಸಿ ಹಾರ್ನ್ ಹೊಡೆದರು.

ಅವ್ವ ಇಳಿದು ನೇರವಾಗಿ ಬುಟ್ಟಿಯ ಹತ್ತಿರ ಬಂದು ಬಟ್ಟೆ ಸರಿಸಿದಳು. ಮೇಲಿನಿಂದ ತಳದವರೆಗೆ ಬೆರಳಾಡಿಸಿದಳು. ಒಂದೂ ಮುರಿದಿರಲಿಲ್ಲ. ಆಮೇಲೆ ನನ್ನನ್ನು ನೋಡಿ, “ನೀ ಏನರ ತಿಂದೇನೋ?” ಎಂದು ಕೇಳಿದಳು. ಇಲ್ಲ ಎಂದೆ. ಅವಳು ಅಲ್ಲೇ ಚಪ್ಪಡಿಯ ಮೇಲೆ ಕೂತು ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಶೇಂಗಾ ಚಟ್ನಿಪುಡಿ, ಬಡಿಸಿದಳು. ಹಸಿದ ಮಂದಿ ಗಬಗಬನೆ ತಿಂದರು. ಊಟದ ನಡುವೆ ಅವ್ವ ತೀರ್ಪು ಕೊಟ್ಟಳು. ವ್ಯಾನಿನಲ್ಲಿ ಒಂಬತ್ತು ಮಂದಿ, ಸಾಮಾನು ಹಿಡಿಸುತ್ತವೆ, ರೊಟ್ಟಿ ಹಿಡಿಸುವುದಿಲ್ಲ. ರೊಟ್ಟಿ ರೈಲಿನಲ್ಲಿ ಸುಖವಾಗಿ ಬರುತ್ತದೆ, ಇವನು ಅದರ ಸಂಗಡ ಬರಲಿ.

ನನ್ನಾಕೆಗೆ ಇದು ಸರಿಬರಲಿಲ್ಲ. ಎಲ್ಲರೂ ಒಂದೇ ಗಾಡಿಯಲ್ಲಿ ಎಂದು ನೀವೇ ಹೇಳಿದ್ದಿರಲ್ಲ ಅತ್ತೆ ಎಂದಳು.

ಅವ್ವ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. “ಆವತ್ತ ಮದುವ್ಯಾಗ ಇವ ಹಸದ್ ಬರೂದ್ರಾಗ ನಾ ಹೋಳಿಗಿ ಉಂಡು ಕುಂತಿದ್ದೆ. ಅದಕ್ಕ ಹಂಗ ಹೇಳ್ಕೋತ ಬಂದೀನಿ. ಈಗ ಬುಟ್ಟಿ ಇವನ ಕೈಯಾಗ ಇರ್ತದ. ಇವ ಬರೂತನಾ ಯಾರಿಗೂ ಊಟ ಇಲ್ಲ.”

ಆ ರೊಟ್ಟಿಯನ್ನು ಎರಡು ತುಂಡು ಮಾಡಿ ಒಂದನ್ನು ಅವ್ವನ ಕೈಗಿಟ್ಟೆ. ಅವಳಿಗೆ ಪಂಕ್ಚರಿನ ಹೆದರಿಕೆ ಎಂದೇ ನಾನು ತಿಳಿದಿದ್ದೆ; ಐವತ್ತು ಚಿಲ್ಲರೆ ವರ್ಷ ನಮ್ಮನ್ನೆಲ್ಲ ಒಂದೇ ಗಾಡಿಯಲ್ಲಿ ತುರುಕಿದ್ದು ನನ್ನ ಒಂದು ಹೊತ್ತಿನ ಹಸಿವು ಎಂದು ನನಗೆ ಗೊತ್ತೇ ಇರಲಿಲ್ಲ. ಎಷ್ಟು ಮಂದಿಯ ಕಾಲು ಜೋಮು ಹಿಡಿದಿದೆಯೋ ನನ್ನಿಂದ.

ಮೊನ್ನೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರೋಮಿನಿಂದ ಬೊಲೊನ್ಯಾಕ್ಕೆ, ಅಂದರೆ ಇಟಲಿಯ ವಾಡಿಯವರೆಗೆ, ಟಿಕೆಟ್ ತೆಗೆದೆ. ಒಬ್ಬರಿಗೆ ಒಂದೇ ಸೀಟು, ಗಂಟಿಗೆ ಸೀಟಿಲ್ಲ ಎಂದು ಮೂವತ್ತು ವರ್ಷ ಊರ ಮಂದಿಯನ್ನು ಕಿಟಕಿಯ ಹಿಂದಿನಿಂದ ಗದರಿಸಿದವನು ನಾನು. ಎರಡು ಸೀಟು ತೆಗೆದೆ. ಕಿಟಕಿಯ ಪಕ್ಕದ್ದು ಬುಟ್ಟಿಗೆ. ಒಂಬತ್ತು ಮಂದಿ ಹಸಿದುಕೊಂಡು ದಾರಿ ಕಾಯುವುದು ಅದಕ್ಕಾಗಿ, ಅದರ ಪಕ್ಕದಲ್ಲಿ ಕೂತವನು ತನಗಾಗಿಯೇ ಎಂದು ತಿಳಿದುಕೊಂಡರೆ ಯಾರೂ ಬೇಡವೆನ್ನುವುದಿಲ್ಲ.