ಬೆಳ್ಳಿಯವರಿಗೆ, ಹಸಿರು ಸೀರೆಯ ವಿಚಾರವಾಗಿ

ಗೆ,
ಶ್ರೀಮತಿ ಬೆಳ್ಳಿಯವರು,
ಕಪ್ಪು-ಬಿಳುಪು ಮಿಶ್ರತಳಿ ಹಸು, ಎಡಗಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆ ಧರಿಸಿರುವವರು,
ನಮ್ಮ ಮನೆಯ ಕೊಟ್ಟಿಗೆ, ಮೂಡಲ ಕಡೆಯ ಗೂಟ,
ಸುತ್ತೂರಿಗೆ ಸಮೀಪ, ನಂಜನಗೂಡು ತಾಲ್ಲೂಕು.

ಮಾನ್ಯರೇ,

ತಾವು ಕ್ಷೇಮವೆಂದೂ, ಹಿಂಡಿ ಬೂಸಾ ವೇಳೆಗೆ ಸರಿಯಾಗಿ ತಲುಪುತ್ತಿದೆಯೆಂದೂ, ನೊಣಗಳ ಉಪದ್ರವ ಸಹಿಸುವಷ್ಟರಲ್ಲೇ ಇದೆಯೆಂದೂ ಭಾವಿಸಿ, ತಮ್ಮ ನಾಲ್ಕೂ ಪಾದಗಳಿಗೆ, ಅದರಲ್ಲೂ ಹಿಂದಿನ ಎರಡಕ್ಕೆ ಸ್ವಲ್ಪ ದೂರದಿಂದಲೇ ನಮಸ್ಕರಿಸಿ, ಬಹಳ ಸಂಕೋಚದಿಂದ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಖಾಸಗಿಯಾಗಿ ಮಾತಾಡಿ ಮುಗಿಸಬಹುದಿತ್ತು. ಆದರೆ ನಾನು ಮಾತಾಡಿದಾಗಲೆಲ್ಲ ತಾವು ಮೆಲುಕು ಹಾಕುತ್ತ ಗೋಡೆ ನೋಡುತ್ತೀರಿ. ಇದೇ ಮರ್ಯಾದೆ ನನಗೆ ಶಾಲೆಯ ಒಂಬತ್ತನೇ ತರಗತಿಯಲ್ಲೂ ಸಿಗುತ್ತಿರುವುದರಿಂದ ಮನೆಯಲ್ಲಾದರೂ ಬರವಣಿಗೆಯ ದಾರಿ ಹಿಡಿಯೋಣವೆನಿಸಿತು.

ಮೊದಲು ನನ್ನ ಪರಿಚಯ. ಎರಡು ತಿಂಗಳ ಹಿಂದಿನವರೆಗೂ ತಾವು ನನ್ನನ್ನು ಬೆಳಿಗ್ಗೆ ಎಂಟಕ್ಕೆ ಬೈಕ್ ಹತ್ತಿ ಹೋಗಿ ಕತ್ತಲಾದ ಮೇಲೆ ಬರುವ ಯಾರೋ ಒಬ್ಬ ಗಂಡಸು ಎಂದಷ್ಟೇ ಬಲ್ಲವರಾಗಿದ್ದಿರಿ. ನಾನು ರವಿಚಂದ್ರ, ಟಿ. ನರಸೀಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಹದಿನಾಲ್ಕು ವರ್ಷದಿಂದ ಕೊರಳಲ್ಲಿ ಸೀಟಿ ಕಟ್ಟಿಕೊಂಡು ಸಾವಿರಾರು ಮಕ್ಕಳನ್ನು ಓಡಿಸಿ, ನಿಲ್ಲಿಸಿ, ಸಾಲು ಮಾಡಿಸಿದ್ದೇನೆ. ಅಂಥವನು ಹನ್ನೆರಡು ಮಕ್ಕಳಿಗೆ ಒಂದು ಸಂಜೆ ಆಟವಾಡಿಸಲಾರದೆ ಹೋದದ್ದು ಹೇಗೆ ಎಂಬುದೇ ಈ ದೂರಿನ ಸಾರಾಂಶ.

ಎರಡು ತಿಂಗಳ ಹಿಂದಿನ ಭಾನುವಾರ ನನ್ನ ಮಗಳು ಲಿಖಿತಾಗೆ ಎಂಟು ತುಂಬಿತು. ಅವಳ ಆರನೇ ಹುಟ್ಟುಹಬ್ಬದ ದಿನ ನಾನು ತಾಲ್ಲೂಕು ಕ್ರೀಡಾಕೂಟದಲ್ಲಿದ್ದೆ, ಏಳನೆಯದರ ದಿನ ಜಿಲ್ಲಾ ಕ್ರೀಡಾಕೂಟದಲ್ಲಿದ್ದೆ. ಎರಡು ಸಲವೂ ಬೇರೆಯವರ ಮಕ್ಕಳ ಕೊರಳಿಗೆ ಪದಕ ಹಾಕಿಸಿ, ಚಪ್ಪಾಳೆ ತಟ್ಟಿ, ಮನೆಗೆ ಬರುವಷ್ಟರಲ್ಲಿ ನನ್ನ ಮಗು ಕೇಕಿನ ಒಂದು ತುಂಡನ್ನು ತಟ್ಟೆಯಲ್ಲಿ ಮುಚ್ಚಿಟ್ಟು ನಿದ್ದೆ ಹೋಗಿತ್ತು. ಈ ವರ್ಷ ಅವಳು ಬಟ್ಟೆ ಕೇಳಲಿಲ್ಲ, ಸೈಕಲ್ಲೂ ಕೇಳಲಿಲ್ಲ. "ಸೂಪರ್‌ಹೀರೊ ಹುಟ್ಟಿದಬ್ಬ ಮಾಡವ, ಆಟ ಎಲ್ಲಾ ನೀನೇ ಆಡಿಸ್ಬೇಕು," ಎಂದಳು. ಅಷ್ಟಕ್ಕೇ ಸುಮ್ಮನಾಗದೆ, ನಮ್ಮಪ್ಪ ಪಿಟಿ ಮಾಸ್ತರು, ನೀವು ಯಾರೂ ನೋಡಿರದಂಥ ಆಟ ಆಡಿಸುತ್ತಾರೆ ಎಂದು ತರಗತಿಯಲ್ಲೆಲ್ಲ ಸಾರಿ ಬಂದಿದ್ದಳು. ಅದಕ್ಕೆ ಪಕ್ಕದ ಬೆಂಚಿನ ಕವನ ಎಂಬ ನೇರ ಮಾತಿನ ಹುಡುಗಿ, "ಓದ್ಸಲಾನೂ ಇಂಗೇ ಅಂದಿದ್ದೆ, ನಿಮ್ಮಪ್ಪ ಬರ್ನೇ ಇಲ್ಲ," ಅಂದಳಂತೆ. ಇದನ್ನು ಮಗಳು ನನ್ನ ಮುಖ ನೋಡದೆ, ಪೆನ್ಸಿಲ್ ಚೂಪು ಮಾಡುತ್ತ ಹೇಳಿದಳು. ನನಗೆ ತಡೆಯಲಾಗದಷ್ಟು ನಾಚಿಕೆಯಾಯಿತು. ಈ ಸಲ ಆಕಾಶ ಕಳಚಿ ಬಿದ್ದರೂ ಅವಳ ಮಾತು ಉಳಿಸಬೇಕೆಂದು ತೀರ್ಮಾನಿಸಿದೆ.

ಆಮೇಲೆ ನಾನು ನಡೆಸಿದ ಸಿದ್ಧತೆಯನ್ನು ತಾವು ಕೊಟ್ಟಿಗೆಯ ಕಿಂಡಿಯಿಂದ ನೋಡಿಯೇ ಇರುತ್ತೀರಿ. ಫೋನಿನಲ್ಲಿ ಹುಡುಕಿ, ಯಾವುದೋ ದೇಶದ ಯಾರೋ ತಾಯಿ ತನ್ನ ಹುಲ್ಲುಹಾಸಿನ ಮೇಲೆ ಆಡಿಸಿದ ಆಟಗಳನ್ನು ದಪ್ಪ ರಿಜಿಸ್ಟರಿನಲ್ಲಿ ಇಳಿಸಿಕೊಂಡೆ. ಹಿತ್ತಿಲ ಕಂಬದಿಂದ ಕಂಬಕ್ಕೆ ಕೆಂಪು ಉಣ್ಣೆದಾರ ಕಟ್ಟಿ, ಅದನ್ನು ಮುಟ್ಟದೆ ನುಸುಳುವ ಲೇಸರ್ ಬಲೆ. ಕಾಗದದ ಲೋಟಗಳನ್ನು ಪೇರಿಸಿ ಖಳನಾಯಕನ ಗೋಪುರ, ಅದಕ್ಕೆ ಚೆಂಡಿನೇಟು. ಕಡ್ಡಿಯ ಎರಡು ತುದಿಗೂ ಕರಿಯ ಬಲೂನು ಕಟ್ಟಿ, ಒಂದೊಂದರ ಮೇಲೂ ಸಾವಿರ ಕಿಲೋ ಎಂದು ಬರೆದು, ಮಕ್ಕಳಿಂದ ಒಂದೇ ಕೈಯಲ್ಲಿ ಎತ್ತಿಸುವುದು. ಇಷ್ಟಕ್ಕೆ ನಿಲ್ಲಿಸಿದ್ದರೆ ಮನುಷ್ಯ ಎನಿಸಿಕೊಳ್ಳುತ್ತಿದ್ದೆ. ಆದರೆ ಅಭ್ಯಾಸಬಲ ನೋಡಿ, ಹೀಟ್ಸು, ಸೆಮಿಫೈನಲು, ಮೇಲ್ಮನವಿ ಸಲ್ಲಿಸಲು ಹತ್ತು ನಿಮಿಷದ ಕಾಲಾವಕಾಶ, ಎಲ್ಲ ಬರೆದೆ. ಎಂಟು ವರ್ಷದ ಮಕ್ಕಳು ಮೇಲ್ಮನವಿಯನ್ನು ಅಳುವ ಮೂಲಕ ಸಲ್ಲಿಸುತ್ತಾರೆಂಬುದು ಹೊಳೆಯಲಿಲ್ಲ. ಶಾಲೆಯಿಂದ ಒಂದರಿಂದ ಹನ್ನೆರಡರವರೆಗಿನ ಎದೆಸಂಖ್ಯೆಗಳನ್ನೂ ಅವಕ್ಕೆ ಬೇಕಾದ ಪಿನ್ನುಗಳನ್ನೂ ತಂದಿಟ್ಟುಕೊಂಡೆ.

ಇನ್ನು ಉಳಿದದ್ದು ಬೆನ್ನಿಗೆ ಕಟ್ಟುವ ಮೇಲಂಗಿ. ಅದಿಲ್ಲದೆ ಸೂಪರ್‌ಹೀರೊ ಆಗಲು ಬರುವುದಿಲ್ಲವಂತೆ. ನಂಜನಗೂಡಿನ ಅಂಗಡಿಯಲ್ಲಿ ನಾಲ್ಕೇ ನಾಲ್ಕು ಸಿಕ್ಕಿದವು, ನಾಲ್ಕು ಮಕ್ಕಳಿಗೆ ಕೊಟ್ಟು ಎಂಟು ಮಕ್ಕಳನ್ನು ಅಳಿಸುವ ಧೈರ್ಯ ನನಗಿರಲಿಲ್ಲ. ಭಾನುವಾರ ಬೆಳಿಗ್ಗೆ ಹೆಂಡತಿ ಮಾನಸ ಕೇಕ್ ತರಲು ಪೇಟೆಗೆ ಹೋಗಿದ್ದಳು. ನನ್ನ ತಾಯಿ ಚಿಕ್ಕಮಾದಮ್ಮನವರು, ಅದಕ್ಕೆ ಮೂರು ವಾರ ಮೊದಲು ಜಾರಿಬಿದ್ದು ಮುರಿದುಕೊಂಡಿದ್ದ ಬಲಗೈಗೆ ಪಟ್ಟಿ ಕಟ್ಟಿಸಿಕೊಂಡು ಒಳಗೆ ಮಲಗಿದ್ದರು. ನಾನು ಬಟ್ಟೆಗಾಗಿ ಮನೆಯೆಲ್ಲ ತಡಕುತ್ತ ಕೊಟ್ಟಿಗೆಗೂ ಬಂದೆ. ಅಲ್ಲಿ ಮೊಳೆಗೆ ಒಂದು ಹಳೆಯ ಹಸಿರು ನೂಲಿನ ಸೀರೆ ನೇತಾಡುತ್ತಿತ್ತು. ಯಾರಿಗೂ ಬೇಡವಾದದ್ದೆಂದು ತಿಳಿದೆ. ಅಮ್ಮನ ಸೀರೆ ಎಂಬ ನೆನಪಿತ್ತು, ಅದು ಅಲ್ಲೇಕೆ ನೇತಾಡುತ್ತಿದೆ ಎಂದು ಕೇಳಬೇಕೆಂಬ ಬುದ್ಧಿ ಬರಲಿಲ್ಲ. ಆ ಹೊತ್ತಿನಲ್ಲಿ ತಾವು ತಲೆಯೆತ್ತಿ ಒಂದು ಸಲ ಕೂಗಿದಿರಿ. ಅದನ್ನು ನಾನು ಹುಟ್ಟುಹಬ್ಬದ ಶುಭಾಶಯವೆಂದು ಸ್ವೀಕರಿಸಿ, ಅಳತೆಪಟ್ಟಿ ಹಿಡಿದು, ಒಂದಿಂಚೂ ಹಾಳಾಗದಂತೆ ಸೀರೆಯನ್ನು ಹನ್ನೆರಡು ಸಮತುಂಡು ಮಾಡಿದೆ. ಆ ಕೆಲಸದ ಅಚ್ಚುಕಟ್ಟನ್ನು ನೆನೆದರೆ ಇವತ್ತಿಗೂ ಹೆಮ್ಮೆಯಾಗುತ್ತದೆ, ಆಮೇಲೆ ತಕ್ಷಣ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

ಸಂಜೆ ಐದಕ್ಕೆ ಸರಿಯಾಗಿ ಹನ್ನೆರಡು ಸೂಪರ್‌ಹೀರೊಗಳು ಬೆನ್ನಿಗೆ ಹಸಿರು, ಹಸಿರಿಗೆ ಸಂಖ್ಯೆ ಚುಚ್ಚಿಸಿಕೊಂಡು ಹಿತ್ತಿಲಲ್ಲಿ ಸಾಲಾಗಿ ನಿಂತರು. ಐದು ಗಂಟೆ ಹಾಲು ಕರೆಯುವ ಹೊತ್ತೆಂಬುದನ್ನು ಹಾಲಿನ ಮನೆಯಲ್ಲೇ ಹುಟ್ಟಿ ಬೆಳೆದ ನಾನು ಮರೆತಿದ್ದೆ. ಆ ಪರದೇಶದ ತಾಯಿಯ ಪಟ್ಟಿಯಲ್ಲಿ ಅದರ ಸುದ್ದಿ ಇರಲಿಲ್ಲ. ನಾನು ಸೀಟಿ ಊದಿದೆ. ತಾವು ಕೊಟ್ಟಿಗೆಯಿಂದ ಮೂಗು ಚಾಚಿ ಗಾಳಿ ಹೀರಿದಿರಿ, ಗೂಟವನ್ನು ಹಗ್ಗದ ಸಮೇತ ಕಿತ್ತಿರಿ, ನೇರವಾಗಿ ಆಟದ ಕಣಕ್ಕೆ ದಯಮಾಡಿಸಿದಿರಿ. ಲೇಸರ್ ಬಲೆಯನ್ನು ಯಾವ ದಾರವನ್ನೂ ಬಿಡದೆ ಮುಟ್ಟಿ ಕೊಂಬಿಗೆ ಸುತ್ತಿಕೊಂಡಿರಿ. ಖಳನಾಯಕನ ಗೋಪುರವನ್ನು ಚೆಂಡಿನ ನೆರವಿಲ್ಲದೆ ಕೆಡವಿದಿರಿ. ಎರಡು ಸಾವಿರ ಕಿಲೋ ತಮ್ಮ ಗೊರಸಿನಡಿಯಲ್ಲಿ ಡಬ್ ಡಬ್ ಎಂದು ಸಿಡಿಯಿತು. ಎರಡೂವರೆ ಗಂಟೆ ಕಾಲ ನಡೆಯಬೇಕಿದ್ದ ನನ್ನ ಕಾರ್ಯಕ್ರಮವನ್ನು ಮೂರು ನಿಮಿಷದೊಳಗೆ, ಹೀಟ್ಸ್ ಇಲ್ಲದೆ, ಸೆಮಿಫೈನಲ್ ಇಲ್ಲದೆ ಮುಗಿಸಿಕೊಟ್ಟ ತಮ್ಮ ದಕ್ಷತೆಯನ್ನು ನಾನು ಯಾವ ಕ್ರೀಡಾಕೂಟದಲ್ಲೂ ಕಂಡಿಲ್ಲ. ಮಕ್ಕಳು ಕಿರುಚಿ ಜಗಲಿ ಹತ್ತಿದರು. ತಾವು ಯಾರಿಗೂ ಏನೂ ಮಾಡಲಿಲ್ಲ. ಒಬ್ಬೊಬ್ಬರ ಬೆನ್ನಿನ ತುಂಡನ್ನೂ ಮೂಸುತ್ತ, ಏನೋ ಕಳೆದುಕೊಂಡವರಂತೆ ಓಡಾಡಿದಿರಿ, ಅಷ್ಟೆ.

ಆಗ ಕವನ ಕೇಳಿದಳು, "ಆಟ ಇಷ್ಟೇನಾ?"

ಲಿಖಿತಾ ಕೆಳತುಟಿ ಕಚ್ಚಿಕೊಂಡು ನನ್ನನ್ನು ನೋಡಿದಳು. ನನ್ನ ಕೊರಳಲ್ಲಿ ಸೀಟಿ ಇತ್ತು, ಕೈಯಲ್ಲಿ ರಿಜಿಸ್ಟರಿತ್ತು, ಹಸು ಬಂದರೆ ಏನು ಮಾಡಬೇಕೆಂಬ ನಿಯಮ ಅದರಲ್ಲಿರಲಿಲ್ಲ. ಕಳೆದೆರಡು ವರ್ಷದಂತೆ ಈ ಸಲವೂ ನಾನು ಬರದೇ ಇದ್ದಿದ್ದರೇ ಅವಳಿಗೆ ಇಷ್ಟು ಅವಮಾನವಾಗುತ್ತಿರಲಿಲ್ಲವೆಂದು ನಿಜವಾಗಿಯೂ ಅನ್ನಿಸಿತು.

ಅಷ್ಟರಲ್ಲಿ ಮಾನಸ ಬಕೆಟ್ ಹಿಡಿದು ಬಂದು, ಕೊಟ್ಟಿಗೆಯ ಖಾಲಿ ಮೊಳೆ ನೋಡಿ, ಆಮೇಲೆ ಮಕ್ಕಳ ಬೆನ್ನು ನೋಡಿ, ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟಳು. ನನ್ನ ತಾಯಿ ಜಗಲಿಯಿಂದಲೇ ಕೂಗಿದರು: "ಅಯ್ಯೋ ಎಡವಟ್ಟೇ, ಅದು ಆಲು ಕರೆಯೋ ಸೀರೆ ಕಣ್ಲಾ! ಅದ ಉಟ್ಕೊಂಡ್ರೇ ಬೆಳ್ಳಿ ಆಲು ಬಿಡೋದು, ಇಲ್ದಿದ್ರೆ ಜಾಡಿಸಿ ಒದೀತಾಳೆ!" ವಿಷಯ ಇಷ್ಟು: ಆರು ವರ್ಷದಿಂದ ತಮ್ಮನ್ನು ಕರೆದದ್ದು ಅಮ್ಮ ಒಬ್ಬರೇ, ಅದೂ ಆ ಸೀರೆ ಉಟ್ಟು. ಅವರ ಕೈ ಮುರಿದ ಮೇಲೆ ಮಾನಸ ದಿನಕ್ಕೆರಡು ಸಲ ಚೂಡಿದಾರದ ಮೇಲೆ ಅದೇ ಸೀರೆ ಸುತ್ತಿಕೊಂಡು, ಅತ್ತೆಯ ವಾಸನೆಯಲ್ಲಿ ತಮ್ಮನ್ನು ನಂಬಿಸಿ ಹಾಲು ಕರೆಯುತ್ತಿದ್ದಳು. ಮೂರು ವಾರದಿಂದ ನನ್ನ ಕೊಟ್ಟಿಗೆಯಲ್ಲೇ ಇಷ್ಟೆಲ್ಲ ನಡೆಯುತ್ತಿತ್ತು, ಮನೆಯಲ್ಲಿ ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ.

ಮಾನಸ ಹೊಸ ರೇಷ್ಮೆ ಸೀರೆಯಲ್ಲೇ ಒಮ್ಮೆ ಕೂತು ನೋಡಿದಳು. ತಾವು ಬಕೆಟ್ಟನ್ನು ಬಾವಿಕಟ್ಟೆಯವರೆಗೆ ಕಳಿಸಿದಿರಿ. ಕೆಚ್ಚಲು ಬಿಗಿದು ತಾವು ಸಂಕಟದಿಂದ ಅರಚುತ್ತಿದ್ದಿರಿ, ಹಾಲು ಹಾಗೇ ನಿಂತರೆ ಬಾವು ಬರುತ್ತದೆಂದು ಅಮ್ಮ ಗೊಣಗುತ್ತಿದ್ದರು, ಡೇರಿ ಮುಚ್ಚಲು ಮುಕ್ಕಾಲು ಗಂಟೆಯಿತ್ತು. ತುಂಡುಗಳನ್ನು ವಾಪಸು ಕೊಡಿ ಎಂದರೆ ಹನ್ನೆರಡು ಸೂಪರ್‌ಹೀರೊಗಳಲ್ಲಿ ಒಬ್ಬರೂ ಕೊಡಲೊಪ್ಪಲಿಲ್ಲ. ಆಗ ಲಿಖಿತಾ ನನ್ನ ಸೀಟಿಯನ್ನು ಎಳೆದುಕೊಂಡು ಊದಿದಳು. "ಕೊನೇ ಆಟ! ಬೆಳ್ಳೀನ ಕಾಪಾಡೋದು. ಎಲ್ರೂ ಅವ್ರವ್ರ ಪೀಸ್ ತಂದು ನಮ್ಮಪ್ಪಂಗೆ ಚುಚ್ಚಿ. ಕತ್ತರ್ಸಿದ್ದು ಅವ್ರೇ, ಉಟ್ಕೊಳೋದೂ ಅವ್ರೇ!"

ಮಕ್ಕಳು ಜಗಲಿಯಿಂದ ಧುಮುಕಿದರು. ಎದೆಸಂಖ್ಯೆಯ ಪಿನ್ನುಗಳಿಂದಲೇ ತುಂಡಿಗೆ ತುಂಡು ಸೇರಿಸಿ ನನ್ನ ಟ್ರ್ಯಾಕ್ ಪ್ಯಾಂಟಿನ ಮೇಲೆ ಸೀರೆ ಉಡಿಸಿದರು. ಮೂರು ಪಿನ್ನು ಬಟ್ಟೆಗೆ ಚುಚ್ಚಿದರೆ ಒಂದು ನನಗೆ ಚುಚ್ಚಿತು. ಸೊಂಟದ ಮೇಲೆ ನಾಲ್ಕು, ಹೆಗಲ ಮೇಲೆ ಹನ್ನೊಂದು, ಹಿಂದುಗಡೆ ಯಾವ ಸಂಖ್ಯೆಯಿತ್ತೋ ಕೇಳಲು ಮನಸ್ಸಾಗಲಿಲ್ಲ. ಕಾಲೇಜು ಸೇರಿದ ಮೇಲೆ ನಾನು ಹಾಲು ಕರೆದಿರಲಿಲ್ಲ. ತಮ್ಮ ಪಕ್ಕ ಕುಕ್ಕುರುಗಾಲಲ್ಲಿ ಕೂತೆ. ತಾವು ಕುತ್ತಿಗೆ ತಿರುಗಿಸಿ ಹೆಗಲ ಮೇಲಿನ ಹನ್ನೊಂದನ್ನು ಮೂಸಿದಿರಿ, ಆಮೇಲೆ ನನ್ನ ಮೀಸೆಯನ್ನೂ ನೋಡಿದಿರಿ. ಅಷ್ಟು ದೀರ್ಘವಾಗಿ ನನ್ನನ್ನು ಯಾವ ಇಲಾಖೆಯೂ ತನಿಖೆ ಮಾಡಿರಲಿಲ್ಲ. ಆಮೇಲೆ ತಾವು ತಲೆ ತಿರುಗಿಸಿಕೊಂಡು, ನನ್ನ ಘನತೆಗೂ ತಮ್ಮ ಘನತೆಗೂ ಒಟ್ಟಿಗೇ ತಿಲಾಂಜಲಿಯಿಟ್ಟು, ಹಾಲು ಬಿಟ್ಟಿರಿ. ಬಕೆಟ್ಟಿನ ತಳಕ್ಕೆ ಮೊದಲ ಧಾರೆ ಬಿದ್ದ ಸದ್ದಿಗೆ ಹಿತ್ತಿಲಲ್ಲಿ ಎದ್ದ ಕೇಕೆಯನ್ನು ನಾನು ಯಾವ ಫೈನಲ್ಲಿನಲ್ಲೂ ಕೇಳಿಲ್ಲ.

ಹಾಲಿನ ಕ್ಯಾನನ್ನು ಮಕ್ಕಳೇ ಸರದಿಯಲ್ಲಿ ಹೊತ್ತುಕೊಂಡು ಡೇರಿಗೆ ಓಡಿದರು. ಸೀರೆ ಬಿಚ್ಚಲು ಪುರುಸೊತ್ತಿಲ್ಲದೆ ನಾನೂ ಹಿಂದೆ ಓಡಿದೆ. ಬೀದಿಯವರು ನೋಡಿದ್ದನ್ನು ನೋಡಿಲ್ಲ ಎಂದು ನಟಿಸುವಷ್ಟು ಸಜ್ಜನರಲ್ಲ. ನನಗೆ ಅದ್ಯಾವುದೂ ತಾಗಲಿಲ್ಲ, ಏಕೆಂದರೆ ಮುಂದೆ ಓಡುತ್ತಿದ್ದ ನನ್ನ ಮಗಳು ಕವನಳಿಗೆ ಹೇಳುತ್ತಿದ್ದಳು: "ನಾನ್ ಏಳಿರ್ಲಿಲ್ವಾ? ನೀವ್ಯಾರೂ ನೋಡಿರ್ದೇ ಇರೋ ಆಟ ಅಂತ?" ಕವನ ಹಿಂತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಊ ಕಣೇ, ನೋಡಿರ್ನಿಲ್ಲ," ಎಂದು ಒಪ್ಪಿಕೊಂಡಳು. ನಾನು ಗೆದ್ದ ಪ್ರಶಸ್ತಿಗಳು ಹೆಚ್ಚಿಲ್ಲ, ಇದ್ದುದರಲ್ಲಿ ಇದೇ ದೊಡ್ಡದು.

ಇಲ್ಲಿಗೆ ಮುಗಿದಿದ್ದರೆ ಈ ಪತ್ರದ ಅಗತ್ಯವಿರಲಿಲ್ಲ. ಮಾರನೆಯ ದಿನದಿಂದ ತಾವು ನನ್ನ ಹೊರತು ಯಾರಿಗೂ ಹಾಲು ಬಿಡುತ್ತಿಲ್ಲವೆಂದು ಮಾನಸ ಅಧಿಕೃತವಾಗಿ ತಿಳಿಸಿದಳು. "ನಿನ್ ಕೈಗೇ ಒಗ್ಗವಳೆ ಕಣ್ಲಾ, ನಾವೇನ್ ಮಾಡಾಕಾಯ್ತದೆ," ಎಂದು ಅಮ್ಮ ದೃಢೀಕರಿಸಿದರು. ಸೀರೆಯನ್ನು ಹೊಲಿದು ಒಂದು ಮಾಡಿ ಮೊಳೆಗೆ ತೂಗುಹಾಕಲಾಗಿದೆ. ಎರಡು ತಿಂಗಳಿಂದ ದಿನಕ್ಕೆರಡು ಬಾರಿ ನಾನು ಅದನ್ನು ಉಟ್ಟು ತಮ್ಮ ಬಳಿ ಕೂರುತ್ತಿದ್ದೇನೆ. ಅದಕ್ಕಾಗಿ ಸಂಜೆ ಐದರೊಳಗೆ ಮನೆ ಸೇರುತ್ತಿದ್ದೇನೆ. ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಸೀರೆಯ ಬದಲು ಸೀಟಿಗೆ ಹಾಲು ಬಿಡುವ ಅಭ್ಯಾಸ ಮಾಡಿಕೊಳ್ಳಬೇಕು, ಭಾನುವಾರ ರಜೆ ಘೋಷಿಸಬೇಕು, ತಾಲ್ಲೂಕು ಕ್ರೀಡಾಕೂಟದ ದಿನಗಳಲ್ಲಿ ನಿಯಮಾನುಸಾರ ಬದಲಿ ಆಟಗಾರರನ್ನು ಸ್ವೀಕರಿಸಬೇಕು, ನನ್ನ ಶಾಲೆಯ ಹುಡುಗರು ಬೇಲಿಯಾಚೆ ಬೈಕ್ ನಿಲ್ಲಿಸಿದಾಗ ಅಡ್ಡ ನಿಂತು ನನ್ನನ್ನು ಮರೆಮಾಡಬೇಕು ಎಂದು ಕೈಮುಗಿದು ಬೇಡಿಕೊಳ್ಳುತ್ತೇನೆ. ಕೈಮುಗಿಯಲು ಬಕೆಟ್ ಕೆಳಗಿಡಬೇಕಾಗಿರುವುದರಿಂದ ದಯವಿಟ್ಟು ಆ ಸಮಯದಲ್ಲಿ ಒದೆಯಬೇಡಿ.

ಇಂತಿ, ಬೆಳಿಗ್ಗೆ ಐದಕ್ಕೂ ಸಂಜೆ ಐದಕ್ಕೂ ತಮ್ಮ ಬದಿಯಲ್ಲೇ ಕುಕ್ಕುರುಗಾಲಲ್ಲಿರುವ,
ತಮ್ಮ ವಿಶ್ವಾಸಿ,
ರವಿಚಂದ್ರ

ತಾ.ಕ.: ಹೋದ ವಾರ ನಾನು ಎರಡು ದಿನದ ತರಬೇತಿಗೆಂದು ಮೈಸೂರಿಗೆ ಹೋಗಿದ್ದಾಗ ತಾವು ಮಾನಸಳಿಗೆ, ಬರೀ ಚೂಡಿದಾರದಲ್ಲಿ, ಯಾವ ಸೀರೆಯ ಹಂಗೂ ಇಲ್ಲದೆ, ನಾಲ್ಕು ಹೊತ್ತೂ ತಣ್ಣಗೆ ನಿಂತು ಹಾಲು ಕೊಟ್ಟಿರೆಂದು ಲಿಖಿತಾ ಈಗಷ್ಟೇ, ಈ ಪತ್ರ ಮುಗಿಸಿದ ಮೇಲೆ, ಬಾಯಿತಪ್ಪಿ ಹೇಳಿ, ಆಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಂದರೆ ಎರಡು ತಿಂಗಳಿಂದ ಈ ಮನೆಯ ಮೂವರು ಹೆಂಗಸರೂ, ತಾವೂ ಸೇರಿ ನಾಲ್ವರು, ನನ್ನನ್ನು ಹೊತ್ತಿಗೆ ಸರಿಯಾಗಿ ಮನೆಗೆ ಬರಿಸುವ ಆಟ ಆಡಿಸುತ್ತಿದ್ದೀರಿ. ನನಗೆ ಇದು ಗೊತ್ತಾಗಿದೆಯೆಂದು ದಯವಿಟ್ಟು ಯಾರಿಗೂ ತಿಳಿಸಬೇಡಿ. ನಾಳೆ ಬೆಳಿಗ್ಗೆ ಐದಕ್ಕೆ ಸೀರೆ ಉಟ್ಟು ಬರುತ್ತೇನೆ.